ಲಯದ ವಂಶಾವಳಿ

ಬೆಂಗಳೂರಿನ ದಕ್ಷಿಣ ಭಾಗದ ಬಡಾವಣೆಗಳಲ್ಲಿ ಸಂಜೆಯ ಹೊತ್ತು ಅಡ್ಡಾಡುವವರಿಗೆ ಎರಡು ಬಗೆಯ ತಾಳವಾದ್ಯಗಳ ಧ್ವನಿ ಕೇಳಿಬರುವುದುಂಟು. ಜಯನಗರದ ಒಂದು ಹಳೆಯ ಮನೆಯ ನಡುಮನೆಯಲ್ಲಿ ನಾಲ್ಕಾರು ಮಕ್ಕಳು ಕುಳಿತು ಮೃದಂಗದ ಮೇಲೆ ‘ತ ಧಿ ತೊಂ ನಂ’ ಎಂದು ಮೊದಲ ಪಾಠವನ್ನು ಸಾಧನೆ ಮಾಡುತ್ತಿರುತ್ತಾರೆ. ಹಾಗೆಯೇ ಮುಂದೆ ಜೆ.ಪಿ. ನಗರದ ಕಡೆಗೆ ನಡೆದರೆ, ಯಾವುದೋ ಮಹಡಿಯ ಕೋಣೆಯಿಂದ, ಮುಚ್ಚಿದ ಕಿಟಕಿಗಳನ್ನೂ ಮೀರಿ, ಡ್ರಮ್ಮಿನ ಗುಡುಗು ಹೊರಗೆ ಬರುತ್ತಿರುತ್ತದೆ. ಮೊದಲನೆಯದನ್ನು ಕೇಳಿದ ಹಿರಿಯರು ತಲೆದೂಗುತ್ತಾರೆ. ಎರಡನೆಯದನ್ನು ಕೇಳಿ ಹುಬ್ಬು ಗಂಟಿಕ್ಕುತ್ತಾರೆ.

ನಮ್ಮ ಪಕ್ಕದ ಮನೆಯಲ್ಲಿ ಈ ಎರಡು ಧ್ವನಿಗಳ ನಡುವೆ ಒಂದು ಸಣ್ಣ ಕಲಹವೇ ಏರ್ಪಟ್ಟಿತ್ತು. ಆ ಮನೆಯ ತಾತ ಐವತ್ತು ವರ್ಷಗಳಿಂದ ಕಛೇರಿಗಳನ್ನು ಕೇಳುತ್ತ ಬಂದವರು. ಯಾವ ಮೃದಂಗ ವಿದ್ವಾಂಸರನ್ನು ಕೇಳಿದರೂ ಅವರ ಮೊದಲ ಪ್ರಶ್ನೆ ಒಂದೇ: “ಯಾರ ಶಿಷ್ಯ?” ಕರ್ನಾಟಕ ಸಂಗೀತದಲ್ಲಿ ಗುರುಪರಂಪರೆಯಿಂದ ಇಳಿದುಬರುವ ನುಡಿಸಾಣಿಕೆಯ ರೀತಿಗೆ ‘ಬಾನಿ’ ಎಂದು ಹೆಸರು. ಶಿಷ್ಯನ ಬೆರಳಿನಲ್ಲಿ ಗುರುವನ್ನೂ, ಗುರುವಿನ ಗುರುವನ್ನೂ ಗುರುತಿಸುವುದೇ ಬಲ್ಲ ಕೇಳುಗರಿಗೆ ಒಂದು ಸಂತೋಷ. ಆ ತಾತನ ಮೊಮ್ಮಗ ನಿಮ್ಮದೇ ವಯಸ್ಸಿನ ಹುಡುಗ. ಮೂರು ವರ್ಷ ಮೃದಂಗ ಕಲಿತವನು ಒಂದು ದಿನ ಪಾಠವನ್ನು ಬಿಟ್ಟುಬಿಟ್ಟ. ಅವನ ಕೋಣೆಯ ಗೋಡೆಯ ಮೇಲೆ ಗಡ್ಡ ಬಿಟ್ಟ ಒಬ್ಬ ಅಮೆರಿಕದ ಡ್ರಮ್ ವಾದಕನ ಚಿತ್ರ ಬಂದಿತು. ತಾತನಿಗೆ ಇದರಿಂದ ಆದ ನೋವು ಅಷ್ಟಿಷ್ಟಲ್ಲ.

ನಾನು ಕನ್ನಡ ಮೇಷ್ಟರ ಕೆಲಸದಿಂದ ನಿವೃತ್ತನಾದವನು. ಹುಡುಗನಿಗೆ ಬುದ್ಧಿ ಹೇಳಬೇಕೆಂದು ಮನೆಯವರು ನನ್ನನ್ನು ಕರೆದರು. ಹೋದವನಿಗೆ ಏನು ಹೇಳಬೇಕೆಂದು ತೋಚದೆ, ತಾತನ ಪ್ರಶ್ನೆಯನ್ನೇ ಕೇಳಿದೆ: “ಏನಪ್ಪ, ಈತ ಯಾರ ಶಿಷ್ಯ?”

ಹುಡುಗ ನಕ್ಕುಬಿಡುವನೆಂದು ನಾನು ಎಣಿಸಿದ್ದೆ. ಆದರೆ ಅವನು ಅರ್ಧ ಗಂಟೆ ಬಿಡದೆ ಮಾತನಾಡಿದ.

ಚಿತ್ರದಲ್ಲಿದ್ದಾತ ಮೈಕ್ ಪೋರ್ಟ್‌ನಾಯ್. ಹುಟ್ಟಿದ್ದು ೧೯೬೭ರಲ್ಲಿ, ನ್ಯೂಯಾರ್ಕ್ ರಾಜ್ಯದಲ್ಲಿ. ೧೯೮೫ರಲ್ಲಿ ಬಾಸ್ಟನ್ ನಗರದ ಬರ್ಕ್ಲೀ ಸಂಗೀತ ಕಾಲೇಜಿನಲ್ಲಿ ಓದುತ್ತಿದ್ದಾಗ ಇಬ್ಬರು ಗೆಳೆಯರೊಡನೆ ಸೇರಿ ಒಂದು ವಾದ್ಯತಂಡವನ್ನು ಕಟ್ಟಿದ. ಅದೇ ಮುಂದೆ ‘ಡ್ರೀಮ್ ಥಿಯೇಟರ್’ ಎಂದು ಲೋಕಪ್ರಸಿದ್ಧವಾಯಿತು. ೨೦೧೦ರಲ್ಲಿ ಆತ ಆ ತಂಡವನ್ನು ತೊರೆದು, ೨೦೨೩ರಲ್ಲಿ ಮತ್ತೆ ಅದಕ್ಕೆ ಮರಳಿದ. ಇವರ ಸಂಗೀತಕ್ಕೆ ‘ಪ್ರೋಗ್ರೆಸಿವ್ ಮೆಟಲ್’ ಎಂದು ಹೆಸರು. ‘ಮೆಟಲ್’ ಎಂಬುದು ವಿದ್ಯುತ್ ಗಿಟಾರುಗಳ ಕರ್ಕಶವಾದ, ಭಾರವಾದ ನಾದವನ್ನು ನೆಚ್ಚಿದ ಸಂಗೀತ. ಅದಕ್ಕೆ ದೀರ್ಘವಾದ ರಚನೆಯನ್ನೂ, ತೊಡಕಾದ ಲಯಗಳನ್ನೂ, ಹೆಜ್ಜೆಹೆಜ್ಜೆಗೆ ಬದಲಾಗುವ ಗತಿಯನ್ನೂ ಸೇರಿಸಿದರೆ ಈ ಪ್ರಕಾರವಾಗುತ್ತದೆ. ೧೯೯೯ರಲ್ಲಿ ಈ ತಂಡ ಧ್ವನಿಮುದ್ರಿಸಿದ ಆರು ನಿಮಿಷಗಳ ಒಂದು ವಾದ್ಯಕೃತಿಯಲ್ಲಿ ತಾಳವು ನೂರಕ್ಕೂ ಹೆಚ್ಚು ಸಲ ಬದಲಾಗುವುದೆಂದು ಅಭಿಮಾನಿಗಳು ಎಣಿಸಿ ತೋರಿಸಿದ್ದಾರೆ. ಹಾಗೆ ಕುಳಿತು ಎಣಿಸುವ ಅಭಿಮಾನವನ್ನು ನಾವು ಹಗುರಾಗಿ ಕಾಣಬಾರದು. ತನಿ ಆವರ್ತನದಲ್ಲಿ ತೊಡೆ ತಟ್ಟುತ್ತ ಕುಳಿತ ತಾತ ಮಾಡುವುದೂ ಅದನ್ನೇ ಅಲ್ಲವೆ?

“ಆದರೆ ಸಾರ್, ಈತನಿಗೆ ಇಂಥವರೇ ಗುರು ಎಂದಿಲ್ಲ. ಬಹುಪಾಲು ತಾನೇ ಕಲಿತ,” ಎಂದ ಹುಡುಗ. ನನಗೆ ಏಕಲವ್ಯನ ನೆನಪಾಯಿತು. ಏಕಲವ್ಯನ ಮುಂದೆ ದ್ರೋಣನ ಒಂದೇ ಪ್ರತಿಮೆ ಇದ್ದಿತು. ಪೋರ್ಟ್‌ನಾಯ್‌ನ ಮುಂದೆ ಹಲವು ಇದ್ದವು. ಬೀಟಲ್ಸ್ ತಂಡದ ರಿಂಗೋ ಸ್ಟಾರ್, ‘ದಿ ಹೂ’ ತಂಡದ ಕೀತ್ ಮೂನ್, ಲೆಡ್ ಝೆಪೆಲಿನ್ ತಂಡದ ಜಾನ್ ಬಾನ್‌ಹ್ಯಾಮ್, ಕೆನಡಾ ದೇಶದ ‘ರಷ್’ ತಂಡದ ನೀಲ್ ಪಿಯರ್ಟ್, ಫ್ರ್ಯಾಂಕ್ ಝಪ್ಪಾನ ಬಳಿ ನುಡಿಸಿದ ಟೆರ್ರಿ ಬೋಝಿಯೊ ಮತ್ತು ವಿನ್ನಿ ಕೊಲಯೂಟ. ಈ ಋಣವನ್ನು ಆತ ಮುಚ್ಚಿಟ್ಟವನಲ್ಲ. ತಾನೇ ಖ್ಯಾತಿಯ ಶಿಖರದಲ್ಲಿದ್ದಾಗ, ೨೦೦೩ರಿಂದ ೨೦೦೬ರ ನಡುವೆ, ಈ ಪೈಕಿ ಮೊದಲ ನಾಲ್ವರ ಗೌರವಾರ್ಥವಾಗಿ ನಾಲ್ಕು ಬೇರೆಬೇರೆ ತಂಡಗಳನ್ನು ಕೂಡಿಸಿ, ಅವರವರ ಹಾಡುಗಳನ್ನೇ ವೇದಿಕೆಯ ಮೇಲೆ ನುಡಿಸಿದ. ಸಾವಿರಾರು ಜನ ಯಾರನ್ನು ಅನುಕರಿಸುತ್ತಿದ್ದರೋ ಆತನೇ ತನ್ನ ಹಿರಿಯರನ್ನು ಅನುಕರಿಸುತ್ತ ಕುಳಿತಿದ್ದ.

ಇವರೆಲ್ಲರಲ್ಲಿ ಪಿಯರ್ಟ್‌ನ ಕಥೆಯನ್ನು ತುಸು ವಿಸ್ತಾರವಾಗಿ ಹೇಳಬೇಕು. ೧೯೫೨ರಲ್ಲಿ ಹುಟ್ಟಿ ೨೦೨೦ರಲ್ಲಿ ತೀರಿಕೊಂಡ ಈತ, ಎಳವೆಯಲ್ಲಿ ಜೀನ್ ಕ್ರೂಪಾ ಎಂಬ ಹಳೆಯ ಜಾಝ್ ವಾದಕನ ಜೀವನವನ್ನು ಕುರಿತ ಚಲನಚಿತ್ರವೊಂದನ್ನು ನೋಡಿ ಡ್ರಮ್ಮಿಗೆ ಮನಸೋತವನು. ೧೯೭೪ರಲ್ಲಿ ‘ರಷ್’ ತಂಡವನ್ನು ಸೇರಿದ. ಹತ್ತೇ ವರ್ಷಗಳಲ್ಲಿ ರಾಕ್ ಸಂಗೀತದ ಅಗ್ರಮಾನ್ಯ ವಾದಕರಲ್ಲಿ ಒಬ್ಬನೆನಿಸಿದ. ಹೀಗಿರಲು ೧೯೯೧ರಲ್ಲಿ, ಜಾಝ್ ಲೋಕದ ಮಹಾವಾದಕ ಬಡ್ಡಿ ರಿಚ್‌ನ ಸ್ಮರಣಾರ್ಥ ನಡೆದ ಕಛೇರಿಯೊಂದರಲ್ಲಿ ನುಡಿಸಬೇಕಾಗಿ ಬಂದಿತು. ಅಂದಿನ ತನ್ನ ವಾದನ ಆತನಿಗೇ ತೃಪ್ತಿಯನ್ನು ಕೊಡಲಿಲ್ಲ. ಮೂರು ವರ್ಷಗಳ ತರುವಾಯ ಸ್ಟೀವ್ ಸ್ಮಿತ್ ಎಂಬ ಮತ್ತೊಬ್ಬ ವಾದಕನ ಕೈ ಬಹಳ ಸುಧಾರಿಸಿರುವುದನ್ನು ಕಂಡು, ಇದು ಹೇಗಾಯಿತೆಂದು ವಿಚಾರಿಸಿದ. ಫ್ರೆಡ್ಡಿ ಗ್ರೂಬರ್ ಎಂಬ ವೃದ್ಧ ಗುರುವಿನ ಪಾಠ ಎಂದು ತಿಳಿಯಿತು. ನಲವತ್ತು ದಾಟಿದ, ಲಕ್ಷಾಂತರ ಜನ ಕೊಂಡಾಡುತ್ತಿದ್ದ ಪಿಯರ್ಟ್ ಆ ಗುರುವಿನ ಮುಂದೆ ಹೋಗಿ ಕುಳಿತು, ಕೋಲು ಹಿಡಿಯುವುದನ್ನೇ ಹೊಸದಾಗಿ ಕಲಿತ! ಪೆಟ್ಟು ಬೀಳುವ ಕ್ಷಣಕ್ಕಿಂತ, ಒಂದು ಪೆಟ್ಟಿನಿಂದ ಇನ್ನೊಂದಕ್ಕೆ ಕೈ ಹೇಗೆ ಚಲಿಸುವುದೆಂಬ ಕಡೆಗೆ ಗ್ರೂಬರನ ಗಮನವೆಲ್ಲ. ಅದನ್ನು ಮೈಗೂಡಿಸಿಕೊಳ್ಳಲು ಪಿಯರ್ಟ್ ಪ್ರತಿದಿನ ಸಾಧನೆ ಮಾಡಿ, ೧೯೯೬ರಲ್ಲಿ ಬಂದ ಧ್ವನಿಮುದ್ರಿಕೆಯಲ್ಲಿ ಹೊಸ ಕೈಯಿಂದ ನುಡಿಸಿದ.

ಹುಡುಗ ಈ ಕಥೆಯನ್ನು ಹೇಳುತ್ತಿದ್ದಾಗ ತಾತ ಬಾಗಿಲ ಬಳಿ ಬಂದು ನಿಂತಿದ್ದರು.

ಬಳಿಕ ಅವನು ಪಿಯರ್ಟ್‌ನ ತಂಡದ ೧೯೮೧ರ ಒಂದು ಕೃತಿಯನ್ನು ಕೇಳಿಸಿದ. ‘ವೈ ವೈ ಝಡ್’ ಎಂದು ಅದರ ಹೆಸರು. ಅದು ಟೊರಾಂಟೊ ನಗರದ ವಿಮಾನ ನಿಲ್ದಾಣದ ಸಂಕೇತಾಕ್ಷರ. ಆ ಅಕ್ಷರಗಳನ್ನು ಮೋರ್ಸ್ ಲಿಪಿಯಲ್ಲಿ, ಎಂದರೆ ಹಿಂದೆ ತಂತಿ ಕಚೇರಿಗಳಲ್ಲಿ ಬಳಸುತ್ತಿದ್ದ ಗೆರೆ ಮತ್ತು ಚುಕ್ಕೆಗಳ ಭಾಷೆಯಲ್ಲಿ, ಹೇಳಿದಾಗ ಉಂಟಾಗುವ ಲಯದಿಂದಲೇ ಕೃತಿ ಆರಂಭವಾಗುತ್ತದೆ. ‘ವೈ’ ಎಂಬುದಕ್ಕೆ ಗೆರೆ, ಚುಕ್ಕೆ, ಗೆರೆ, ಗೆರೆ. ‘ಝಡ್’ ಎಂಬುದಕ್ಕೆ ಗೆರೆ, ಗೆರೆ, ಚುಕ್ಕೆ, ಚುಕ್ಕೆ. ಕೃತಿಯಲ್ಲಿ ಗೆರೆಗೆ ಎರಡು ಎಣಿಕೆಯ ಕಾಲ, ಚುಕ್ಕೆಗೆ ಒಂದು.

ಇಷ್ಟು ಕೇಳುವಾಗ ನನ್ನ ಹಳೆಯ ವೃತ್ತಿ ಎಚ್ಚೆತ್ತಿತು. ಎರಡು ಮಾತ್ರೆಯ ಗೆರೆ, ಒಂದು ಮಾತ್ರೆಯ ಚುಕ್ಕೆ! ನಮ್ಮ ಛಂದಸ್ಸಿನ ಗುರು ಲಘುಗಳೇ ಇವು. ಕಾಗದದ ಮೇಲೆ ಪ್ರಸ್ತಾರ ಹಾಕಿದೆವು. ನೀವೂ ಹಾಕಿ ನೋಡಿರಿ. ಗುರು, ಲಘು ಸೇರಿ ಮೂರು ಮಾತ್ರೆ; ಗುರು, ಗುರು ಸೇರಿ ನಾಲ್ಕು. ‘ವೈ’ ಎಂದರೆ ಮೂರು ಮತ್ತು ನಾಲ್ಕು, ಒಟ್ಟು ಏಳು. ‘ವೈ’ ಎರಡು ಸಲ ಬಂದರೆ ಮೂರು, ನಾಲ್ಕು, ಮೂರು, ನಾಲ್ಕು, ಒಟ್ಟು ಹದಿನಾಲ್ಕು. ಇದು ಯಾವ ಛಂದಸ್ಸಿನ ಸಾಲು? ಭಾಮಿನೀ ಷಟ್ಪದಿಯ ಮೊದಲ ಸಾಲಿನ ಮಾತ್ರಾಗಣಗಳ ವಿನ್ಯಾಸ ಇದೇ! ಕುಮಾರವ್ಯಾಸನು ಭಾರತವನ್ನು ಹೇಳಿದ್ದು ಈ ಏಳರ ನಡೆಯಲ್ಲಿ. ಸಂಗೀತದವರು ಇದನ್ನೇ ಮಿಶ್ರ ಜಾತಿ ಎಂದು ಕರೆದು ‘ತಕಿಟ ತಕಧಿಮಿ’ ಎಂದು ಎಣಿಸುತ್ತಾರೆ. ಕೊನೆಯ ‘ಝಡ್’ ಮಾತ್ರ ಬೇರೆ: ಎರಡು ಗುರು, ಎರಡು ಲಘು, ಒಟ್ಟು ಆರು. ಏಳು, ಏಳು, ಆರು ಸೇರಿ ಇಪ್ಪತ್ತಾಯಿತು. ಇಪ್ಪತ್ತು ಎಂದರೆ ಐದರ ನಾಲ್ಕು ಆವರ್ತ. ಖಂಡ ಜಾತಿಯ ‘ತಕತಕಿಟ’ವನ್ನು ನಾಲ್ಕು ಸಲ ಹೇಳಿದರೆ ಸಮಕ್ಕೆ ಬಂದು ನಿಲ್ಲುತ್ತದೆ. ನಾನು ಭಾಮಿನಿಯ ಧಾಟಿಯಲ್ಲಿ ತೊಡೆ ತಟ್ಟಿದೆ. ಹುಡುಗ ಮೇಜಿನ ಮೇಲೆ ಐದೈದನ್ನು ಬಾರಿಸಿದ. ಇಪ್ಪತ್ತನೆಯ ಮಾತ್ರೆ ಮುಗಿದಾಗ ಇಬ್ಬರೂ ಒಟ್ಟಿಗೆ ಮೊದಲಿಗೆ ಬಂದೆವು. ತಾತ ಒಳಗೆ ಬಂದು ಕುಳಿತರು.

“ಹಾಗಾದರೆ ಸಾರ್, ಅವರು ಇದನ್ನೆಲ್ಲ ನಮ್ಮಿಂದಲೇ ತೆಗೆದುಕೊಂಡದ್ದೆ?” ಎಂದು ಹುಡುಗ ಕಣ್ಣರಳಿಸಿ ಕೇಳಿದ.

ಇಂಥ ಮಾತಿಗೆ ಹೌದೆನ್ನಲು ನಮಗೆಲ್ಲ ಆಸೆ. ಆದರೆ ಹಾಗೆ ಹೇಳಲಾಗದು. ಪಿಯರ್ಟ್ ಷಟ್ಪದಿಯಿಂದ ಇದನ್ನು ಪಡೆದವನಲ್ಲ. ವಿಮಾನ ನಿಲ್ದಾಣದ ಸಂಕೇತದಲ್ಲಿ ಆ ಲಯ ತಾನಾಗಿ ಇದ್ದಿತು. ಏಳು, ಐದು, ಒಂಬತ್ತು ಎಂಬ ಸಂಖ್ಯೆಗಳು ಯಾವ ದೇಶದ ಆಸ್ತಿಯೂ ಅಲ್ಲ. ೧೯೫೮ರಲ್ಲಿ ಅಮೆರಿಕದ ಜಾಝ್ ಸಂಗೀತಗಾರ ಡೇವ್ ಬ್ರೂಬೆಕ್ ಇಸ್ತಾಂಬುಲಿನ ಬೀದಿಯಲ್ಲಿ ವಾದ್ಯಗಾರರು ಒಂಬತ್ತರ ಲಯವನ್ನು ನುಡಿಸುವುದನ್ನು ಕೇಳಿ, ಮರುವರ್ಷ ಅದರಲ್ಲಿಯೇ ಒಂದು ಕೃತಿಯನ್ನು ರಚಿಸಿದ. ಅದು ತುರ್ಕಿಯ ಕೊಡುಗೆ, ನಮ್ಮದಲ್ಲ.

ಇಷ್ಟು ಹೇಳಿದ ಮೇಲೆ, ನಿಜವಾಗಿ ನಡೆದ ಭೇಟಿಗಳನ್ನು ಹೇಳಲು ಸಂಕೋಚವಿಲ್ಲ. ಅದೇ ಪ್ರವಾಸದಲ್ಲಿ ಬ್ರೂಬೆಕ್ ತಂಡ ಮದರಾಸಿಗೂ ಬಂದಿತ್ತು. ಅಲ್ಲಿ ಅದರ ಡ್ರಮ್ ವಾದಕ ಜೋ ಮೊರೆಲ್ಲೊ ಮೃದಂಗದ ಮಹಾವಿದ್ವಾಂಸರಾದ ಪಳನಿ ಸುಬ್ರಹ್ಮಣ್ಯ ಪಿಳ್ಳೆಯವರನ್ನು ಕಂಡು ಅವರೊಡನೆ ನುಡಿಸಿದ. ಮರುವರ್ಷ, ಐದರ ಲಯದ ಕೃತಿಯೊಂದರಲ್ಲಿ ಮೊರೆಲ್ಲೊ ನುಡಿಸಿದ ತನಿ ಲೋಕಪ್ರಿಯವಾಯಿತು. ೧೯೬೮ರಲ್ಲಿ ಪಿಯರ್ಟ್‌ನ ಆರಾಧ್ಯನಾದ ಬಡ್ಡಿ ರಿಚ್ ನಮ್ಮ ತಬಲಾ ವಾದಕ ಉಸ್ತಾದ್ ಅಲ್ಲಾ ರಖಾ ಅವರೊಡನೆ ಒಂದು ಧ್ವನಿಮುದ್ರಿಕೆಯನ್ನೇ ಹೊರತಂದ. ೧೯೭೦ರ ದಶಕದಲ್ಲಿ ಅಲ್ಲಾ ರಖಾ ಅವರ ಮಗ ಝಾಕಿರ್ ಹುಸೇನ್, ಘಟಂ ವಿದ್ವಾನ್ ವಿಕ್ಕು ವಿನಾಯಕರಾಂ ಮೊದಲಾದವರು ಇಂಗ್ಲೆಂಡಿನ ಗಿಟಾರ್ ವಾದಕ ಜಾನ್ ಮೆಕ್‌ಲಾಫ್ಲಿನ್‌ನೊಡನೆ ‘ಶಕ್ತಿ’ ತಂಡದಲ್ಲಿ ನುಡಿಸಿದರು.

ಬೆಂಗಳೂರಿನ ಪಾಲೂ ಇದರಲ್ಲಿ ಉಂಟು. ಮೃದಂಗ ವಿದ್ವಾನ್ ಟಿ.ಎ.ಎಸ್. ಮಣಿ ಅವರು ೧೯೬೪ರಲ್ಲಿ ಇಲ್ಲಿ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಎಂಬ ತಾಳವಾದ್ಯ ಶಾಲೆಯನ್ನು ಸ್ಥಾಪಿಸಿದರು. ಅವರೂ, ಅವರ ಪತ್ನಿ ಗಾಯಕಿ ಆರ್.ಎ. ರಮಾಮಣಿಯವರೂ ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊನೊಡನೆ ನುಡಿಸಿ ಹಾಡಿದ ‘ಜ್ಯೋತಿ’ ಎಂಬ ಧ್ವನಿಮುದ್ರಿಕೆ ೧೯೮೩ರಲ್ಲಿ ಯೂರೋಪಿನಲ್ಲಿ ಪ್ರಕಟವಾಯಿತು. ಮಣಿಯವರು ೨೦೨೦ರಲ್ಲಿ ತೀರಿಕೊಂಡರು. ಈಚಿನ ವರ್ಷಗಳಲ್ಲಿ ಬೆಂಗಳೂರಿನ ವಿದ್ವಾನ್ ಬಿ.ಸಿ. ಮಂಜುನಾಥ್ ಅವರು ಹಿಂದಿನ ಎರಡನ್ನು ಕೂಡಿದರೆ ಮುಂದಿನದು ಬರುವ ಒಂದು, ಎರಡು, ಮೂರು, ಐದು, ಎಂಟು, ಹದಿಮೂರು ಎಂಬ ಸಂಖ್ಯಾಶ್ರೇಣಿಯನ್ನು ಕೊನ್ನಕ್ಕೋಲಿನಲ್ಲಿ, ಎಂದರೆ ಬಾಯಿಂದ ಹೇಳುವ ತಾಳದ ಸೊಲ್ಲುಗಳಲ್ಲಿ, ಹೇಳಿದ್ದನ್ನು ಹೊರದೇಶದ ಡ್ರಮ್ ವಾದಕರೂ ಬೆರಗಾಗಿ ಕೇಳಿದ್ದಾರೆ. ಮೆಟಲ್ ಸಂಗೀತವೂ ಈ ಊರಿನಲ್ಲಿ ಕೇವಲ ಕೇಳುವ ಪದಾರ್ಥವಾಗಿ ಉಳಿದಿಲ್ಲ. ಬೆಂಗಳೂರಿನದೇ ಆದ ‘ಎಕ್ಸೆಂಟ್ರಿಕ್ ಪೆಂಡ್ಯುಲಮ್’ ಎಂಬ ತಂಡ ೨೦೧೧ರಲ್ಲಿ ಜರ್ಮನಿಯ ವಾಕನ್ ಉತ್ಸವದಲ್ಲಿ ನುಡಿಸಿ ಬಂದಿತು.

ಪಳನಿ ಸುಬ್ರಹ್ಮಣ್ಯ ಪಿಳ್ಳೆಯವರ ಹೆಸರು ಬಂದೊಡನೆ ತಾತ ಮಾತಿಗಿಳಿದರು. ಪಿಳ್ಳೆಯವರು ಎಡಗೈ ವಾದಕರು. ಅವರು ಕುಳಿತರೆ ವೇದಿಕೆಯ ಏರ್ಪಾಟು ಬದಲಾಗಬೇಕಾಗುತ್ತಿತ್ತು. ಆದುದರಿಂದ ಅವರನ್ನು ಪಕ್ಕವಾದ್ಯಕ್ಕೆ ಕರೆಯಲು ಕೆಲವರು ಹಿಂಜರಿಯುತ್ತಿದ್ದರು. ಗಾಯಕ ಚೆಂಬೈ ವೈದ್ಯನಾಥ ಭಾಗವತರು ಪಿಟೀಲಿನವರ ಸ್ಥಾನವನ್ನೇ ಬದಲಿಸಿ, ಪಿಳ್ಳೆಯವರಿಗೆ ಅನುಕೂಲವಾದ ಕಡೆ ಅವರನ್ನು ಕುಳ್ಳಿರಿಸಿಕೊಂಡರಂತೆ. ಈ ಪ್ರಸಂಗವನ್ನು ಮೊಮ್ಮಗ ಅದುವರೆಗೆ ಕೇಳಿರಲಿಲ್ಲ. ಕೇಳುವ ಸಂದರ್ಭವೇ ಬಂದಿರಲಿಲ್ಲ.

ಹುಡುಗ ಡ್ರಮ್ಮನ್ನು ಬಿಡಲಿಲ್ಲ. ಬಿಡೆಂದು ನಾನು ಹೇಳಲೂ ಇಲ್ಲ. ಆ ವರ್ಷದ ರಾಮನವಮಿ ಉತ್ಸವದಲ್ಲಿ ಜಯನಗರದ ಎಂಟನೆಯ ಬ್ಲಾಕಿನ ಒಂದು ಕಛೇರಿಗೆ ಅವನು ತಾತನ ಜೊತೆಯಲ್ಲಿ ಬಂದಿದ್ದ. ಕಪ್ಪು ಅಂಗಿಯನ್ನೇ ತೊಟ್ಟಿದ್ದ. ತನಿ ಆವರ್ತನ ಆರಂಭವಾದಾಗ ಇಬ್ಬರೂ ತಾಳ ಹಾಕತೊಡಗಿದರು. ಮೃದಂಗದವರು ನಡೆಯನ್ನು ನಾಲ್ಕರಿಂದ ಏಳಕ್ಕೆ ತಿರುಗಿಸಿದಾಗ ಹುಡುಗ ಮುಗುಳ್ನಕ್ಕು ನನ್ನತ್ತ ನೋಡಿದ. ಆದರೆ ಒಂಬತ್ತರ ನಡೆ ಬಂದಾಗ ಲೆಕ್ಕ ತಪ್ಪಿತು. ಕೋರ್ವೆ ಮುಗಿದು ಸಮ ಬಿದ್ದಾಗ ಅವನ ಕೈ ಒಂದು ಅಕ್ಷರ ಹಿಂದೆಯೇ ಇದ್ದಿತು. ತಾತ ಅದನ್ನು ಕಂಡರು, ಏನೂ ಅನ್ನಲಿಲ್ಲ.

ಚಪ್ಪಾಳೆ ಇನ್ನೂ ನಿಂತಿರಲಿಲ್ಲ. ಹುಡುಗ ತಾತನ ಕಿವಿಯ ಬಳಿ ಬಾಗಿ, “ಇವರು ಯಾರ ಶಿಷ್ಯರು ತಾತ?” ಎಂದು ಕೇಳಿದ. ತಾತನ ಉತ್ತರ ನಾವು ಮನೆಗೆ ಬಂದು ಮುಟ್ಟುವವರೆಗೂ ಮುಗಿಯಲಿಲ್ಲ.