ಕಾಲಲೋಪದ ಚಿತ್ರಣ: ಕ್ರೀಡಾಂಗಣದಲ್ಲಿ ತಿರುಗುವ ಕ್ಯಾಮೆರಾ

'ಟೈಮ್‌ಲ್ಯಾಪ್ಸ್' ಎಂಬ ಇಂಗ್ಲಿಷ್ ಪದವನ್ನು 'ಕಾಲಲೋಪ' ಎಂದು ಕನ್ನಡಿಸಿದರೆ ಲೋಪವೆಂದರೆ ತಪ್ಪು ಎಂಬ ರೂಢಿಯ ಅರ್ಥ ಅಡ್ಡಬರುತ್ತದೆ. ಆದರೆ ವ್ಯಾಕರಣದ ದೃಷ್ಟಿಯಿಂದ ಆ ಪದ ಅಷ್ಟೇನೂ ಅಸಮರ್ಪಕವಲ್ಲ. 'ಊರು' ಮತ್ತು 'ಅಲ್ಲಿ' ಸೇರಿ 'ಊರಲ್ಲಿ' ಆಗುವಾಗ ನಡುವಿನ ಸ್ವರವೊಂದು ಬಿದ್ದುಹೋಗುತ್ತದೆ, ಅರ್ಥ ಕೆಡುವುದಿಲ್ಲ. 'ಗುರು'ವಿಗೆ 'ಅನ್ನು' ಸೇರಿದಾಗ ಸ್ವರವನ್ನು ಬಿಡಲಾಗದು. ಅಲ್ಲಿ ವಕಾರ ಬಂದು 'ಗುರುವನ್ನು' ಎಂದಾಗಬೇಕು. ಏನನ್ನು ಬಿಟ್ಟರೆ ಅರ್ಥ ಉಳಿಯುತ್ತದೆ ಎಂಬ ಈ ವಿವೇಕವೇ ಕಾಲಲೋಪದ ಚಿತ್ರಣಕ್ಕೂ ಆಧಾರ.

ನಾಲ್ಕು ಸೆಕೆಂಡಿಗೊಂದರಂತೆ ಚಿತ್ರ ತೆಗೆದು ಸೆಕೆಂಡಿಗೆ 25ರಂತೆ ತೋರಿಸಿದರೆ ಕಾಲ ನೂರು ಪಟ್ಟು ಕುಗ್ಗುತ್ತದೆ. ಭಾರತದಲ್ಲಿ ಈ ವಿಧಾನ ಕಥಾಚಿತ್ರಕ್ಕಿಂತಲೂ ಹಳೆಯದು. ದಾದಾಸಾಹೇಬ್ ಫಾಲ್ಕೆಯವರು 'ರಾಜಾ ಹರಿಶ್ಚಂದ್ರ' (1913) ತೆಗೆಯುವ ಮೊದಲೇ, ಬಟಾಣಿ ಬೀಜವೊಂದು ಮೊಳೆತು ಬೆಳೆಯುವುದನ್ನು ದಿನದಿನವೂ ಚಿತ್ರಿಸಿ ಹಣ ಹೂಡುವವರ ಮನವೊಲಿಸಿದ್ದರು. ಆದರೆ ಅವರ ಕ್ಯಾಮೆರಾ ನಿಶ್ಚಲವಾಗಿತ್ತು. ಕ್ಯಾಮೆರಾ ನಿಂತಲ್ಲೇ ನಿಧಾನವಾಗಿ ಕತ್ತು ತಿರುಗಿಸುವ 'ಪ್ಯಾನ್' ಇದರೊಡನೆ ಸೇರಿದಾಗ ಸಮಸ್ಯೆ ಇಮ್ಮಡಿಯಾಗುತ್ತದೆ.

ದೆಹಲಿಯ ಪೀತಮ್‌ಪುರವನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. 1988ರಲ್ಲಿ ಪೂರ್ಣಗೊಂಡ, 235 ಮೀಟರ್ ಎತ್ತರದ ದೂರದರ್ಶನ ಗೋಪುರ ಆ ಬಡಾವಣೆಯ ಹೆಗ್ಗುರುತು. ಗೋಪುರ ಕಾಣುವಂತಹ ಆಟದ ಬಯಲಿನ ಅಂಚಿನಲ್ಲಿ ಮುಕ್ಕಾಲಿಯನ್ನು ನಿಲ್ಲಿಸಿ, ಪ್ರೇಕ್ಷಕರ ಮೆಟ್ಟಿಲುಗಳಿಂದ ಗೋಪುರದವರೆಗೆ 90 ಡಿಗ್ರಿ ತಿರುಗಿಸಬೇಕೆಂದಿಟ್ಟುಕೊಳ್ಳೋಣ. ಹತ್ತು ಸೆಕೆಂಡಿನ ದೃಶ್ಯಕ್ಕೆ 250 ಚಿತ್ರಗಳು ಬೇಕು. ನಾಲ್ಕು ಸೆಕೆಂಡಿನ ಅಂತರದಲ್ಲಿ ಇದಕ್ಕೆ ಸುಮಾರು 17 ನಿಮಿಷ ಹಿಡಿಯುತ್ತದೆ. ಒಂದೊಂದು ಚಿತ್ರಕ್ಕೆ ಕ್ಯಾಮೆರಾ 0.36 ಡಿಗ್ರಿ ತಿರುಗಬೇಕು. 40 ಡಿಗ್ರಿ ನೋಟವಿರುವ ಮಸೂರದಲ್ಲಿ ಒಂದು ಕಂಬ ಪರದೆಯ ಈ ತುದಿಯಿಂದ ಆ ತುದಿಗೆ ಸಾಗಲು ಆಗ ನಾಲ್ಕು ಸೆಕೆಂಡಿಗಿಂತ ತುಸು ಹೆಚ್ಚು ಹಿಡಿಯುತ್ತದೆ. ಕಣ್ಣು ಅದನ್ನು ಹಿಂಬಾಲಿಸಬಲ್ಲದು. ಚಿತ್ರಕ್ಕೆ ಒಂದು ಡಿಗ್ರಿಯಂತೆ ತಿರುಗಿಸಿದರೆ ಅದೇ ಕಂಬ ಒಂದೂವರೆ ಸೆಕೆಂಡಿನಲ್ಲಿ ಅದುರುತ್ತ ಹಾದುಹೋಗುತ್ತದೆ. ಈ ಲೆಕ್ಕ ಬಯಲಿಗೆ ಹೋಗುವ ಮುನ್ನವೇ ಮುಗಿದಿರಬೇಕು. ಜನ ತುಂಬುವ ಕ್ರೀಡಾಂಗಣ ಅದೇ ದಿನ ಇನ್ನೊಮ್ಮೆ ತುಂಬುವುದಿಲ್ಲ.

ಮುಕ್ಕಾಲಿಯ ತಲೆ ಸಮತಟ್ಟಾಗಿಲ್ಲದಿದ್ದರೆ ಆರಂಭದಲ್ಲಿ ನೆಟ್ಟಗಿದ್ದ ದಿಗಂತ ತಿರುಗುತ್ತಾ ವಾಲುತ್ತದೆ. ಗೋಪುರದಂತಹ ನೇರ ರೇಖೆ ಈ ತಪ್ಪನ್ನು ನಿರ್ದಾಕ್ಷಿಣ್ಯವಾಗಿ ಬಯಲಿಗೆಳೆಯುತ್ತದೆ. ಗಂಟೆಗೊಂದು ಸುತ್ತು ತಿರುಗುವ ಅಡುಗೆಮನೆಯ ಗಡಿಯಾರದ ಮೇಲೆ ಸಣ್ಣ ಕ್ಯಾಮೆರಾ ಕೂರಿಸುವವರೂ ಇದ್ದಾರೆ. ನಾಲ್ಕು ಸೆಕೆಂಡಿಗೆ ಅದು 0.4 ಡಿಗ್ರಿ ಸಾಗುವುದರಿಂದ ಉಪಾಯ ನಗೆಪಾಟಲಿನದೇನಲ್ಲ. ತೊಂದರೆ ಬೇರೆ ಕಡೆಯಿದೆ. ಓಡಾಡುವ ಜನರು ಕುಪ್ಪಳಿಸುವಂತೆ ಕಾಣದಿರಲು ಶಟರನ್ನು ಅಂತರದ ಅರ್ಧದಷ್ಟು ಕಾಲ, ಎಂದರೆ ಎರಡು ಸೆಕೆಂಡು, ತೆರೆದಿಡುವುದು ವಾಡಿಕೆ. ಹಗಲಿನಲ್ಲಿ ಇದಕ್ಕೆ ದಟ್ಟವಾದ ಬೂದುಗಾಜು ಬೇಕು. ಎಡೆಬಿಡದೆ ತಿರುಗುವ ಗಡಿಯಾರದ ಮೇಲೆ ಆ ಎರಡು ಸೆಕೆಂಡಿನಲ್ಲಿ ಕಟ್ಟಡಗಳೂ ಮಸುಕಾಗುತ್ತವೆ. ತಿರುಗಿ, ನಿಂತು, ಚಿತ್ರ ತೆಗೆದು, ಮತ್ತೆ ತಿರುಗುವ ಮೋಟಾರು ತಲೆಯೇ ಇಲ್ಲಿ ಸೂಕ್ತ.

ಬೆಳಕನ್ನು ಯಂತ್ರದ ತೀರ್ಮಾನಕ್ಕೆ ಬಿಡಬಾರದು. ನೆರಳಿನ ಮೆಟ್ಟಿಲಿನಿಂದ ತೆರೆದ ಆಕಾಶದತ್ತ ತಿರುಗುವಾಗ ಕ್ಯಾಮೆರಾ ಚಿತ್ರಚಿತ್ರಕ್ಕೂ ಅಳತೆ ಬದಲಿಸಿದರೆ ದೃಶ್ಯ ಮಿನುಗುತ್ತದೆ. ಆದ್ದರಿಂದ ಬೆಳಕಿನ ಪ್ರಮಾಣ, ಬಣ್ಣದ ಸಮತೋಲ, ದೂರದ ನಾಭಿ ಮೂರನ್ನೂ ಕೈಯಾರೆ ಸ್ಥಿರಗೊಳಿಸಬೇಕು. ಸೂರ್ಯಾಸ್ತದ ಹೊತ್ತಿನಲ್ಲಿ ಮಾತ್ರ ಹಂತಹಂತವಾಗಿ ಬದಲಿಸುವುದು ಅನಿವಾರ್ಯ. ಸೂರ್ಯ ಎಲ್ಲಿ ಮುಳುಗುತ್ತಾನೆಂಬುದೂ ಋತುವಿಗೆ ಬದ್ಧ: ದೆಹಲಿಯಲ್ಲಿ ಜೂನ್ ಕೊನೆಗೆ ನೇರ ಪಶ್ಚಿಮಕ್ಕಿಂತ ಸುಮಾರು 27 ಡಿಗ್ರಿ ಉತ್ತರಕ್ಕೆ, ಡಿಸೆಂಬರಿನಲ್ಲಿ ಅಷ್ಟೇ ದಕ್ಷಿಣಕ್ಕೆ. ಚಳಿಗಾಲದ ಮಂಜು ಮತ್ತು ಹೊಗೆ ದೂರದ ಗೋಪುರವನ್ನೇ ನುಂಗಿಬಿಡುವ ದಿನಗಳುಂಟು. ಆಗ ಎಷ್ಟು ಲೆಕ್ಕವಿದ್ದರೂ ಪ್ಯಾನಿಗೆ ತಲುಪುವ ತಾಣವೇ ಇರುವುದಿಲ್ಲ.

ಇನ್ನುಳಿದದ್ದು ಆಟದ ಮಾತು. ಮೆಟ್ಟಿಲು ತುಂಬುವುದು, ನೆರಳು ಮೈದಾನವನ್ನು ದಾಟುವುದು, ದೀಪಸ್ತಂಭಗಳು ಬೆಳಗುವುದು, ಇವೆಲ್ಲ ಕುಗ್ಗಿದಷ್ಟೂ ಸ್ಪಷ್ಟವಾಗುತ್ತವೆ. ಹತ್ತು-ಹನ್ನೆರಡು ಸೆಕೆಂಡಿನ ನೂರು ಮೀಟರ್ ಓಟಕ್ಕೆ ನಾಲ್ಕು ಸೆಕೆಂಡಿನ ಅಂತರದಲ್ಲಿ ಸಿಗುವುದು ಮೂರೋ ನಾಲ್ಕೋ ಚಿತ್ರ; ಗೆದ್ದವರಾರೆಂದೂ ತಿಳಿಯದು. ಅಲ್ಲಿ ಕ್ಯಾಮೆರಾವನ್ನು ಎಂದಿನ ವೇಗಕ್ಕೆ ಮರಳಿಸಬೇಕು.