ಕಣದಲ್ಲಿ ಮಕ್ಕಳು, ಹೊರಗೆ ನಾವು

ಸಂಜೆ ಶಾಲೆ ಬಿಟ್ಟ ಮೇಲೆ ಮಕ್ಕಳಿಗೆ ಹೋಗಬೇಕಾದ ಕಡೆಗಳು ಈಗ ಒಂದೆರಡಲ್ಲ. ಟ್ಯೂಷನ್, ಕೀಬೋರ್ಡ್, ಚಿತ್ರಕಲೆ, ಯಕ್ಷಗಾನ ಇವುಗಳ ಸಾಲಿಗೆ ಕರಾಟೆಯೂ ಸೇರಿಕೊಂಡಿದೆ. ಮಂಗಳೂರಿನಂಥ ಪೇಟೆಯ ಮಾತು ಬಿಡಿ, ಗುಡ್ಡ, ಅಡಿಕೆ ತೋಟಗಳ ನಡುವಿನ ನಮ್ಮ ಮೀಂಜದಲ್ಲೂ ಬಿಳಿ ಸಮವಸ್ತ್ರ ತೊಟ್ಟು, ಸೊಂಟಕ್ಕೆ ಬಣ್ಣದ ಬೆಲ್ಟ್ ಬಿಗಿದು ಬಸ್ಸಿಗೆ ಕಾಯುವ ಮಕ್ಕಳು ಕಾಣಸಿಗುತ್ತಾರೆ. ಅವರ ಪಕ್ಕದಲ್ಲಿ ಚೀಲ, ನೀರಿನ ಬಾಟಲಿ ಹಿಡಿದು ನಿಂತ ಅಪ್ಪನೋ ಅಮ್ಮನೋ ಇದ್ದೇ ಇರುತ್ತಾರೆ. ಆ ಸಾಲಿನಲ್ಲಿ ನಾವೂ ಹಲವು ವರ್ಷಗಳಿಂದ ನಿಂತಿದ್ದೇವೆ. ಮಕ್ಕಳನ್ನು ಕರಾಟೆಗೆ ಸೇರಿಸಬೇಕೋ ಬೇಡವೋ ಎಂದು ಯೋಚಿಸುತ್ತಿರುವ ಮನೆಗಳಿಗೆ ನಮ್ಮ ಅನುಭವ ಉಪಯೋಗಕ್ಕೆ ಬಂದೀತೆಂದು ಈ ನಾಲ್ಕು ಮಾತು.

ಮಗಳು ಮೂರನೇ ತರಗತಿಯಲ್ಲಿದ್ದಾಗ, 2018ರ ಜೂನ್‌ನಲ್ಲಿ ಕರಾಟೆಗೆ ಸೇರಿದಳು. ಮರುವರ್ಷ ಒಂದನೇ ತರಗತಿಯ ತಮ್ಮನೂ ಅಕ್ಕನ ಬಾಲ ಹಿಡಿದು ಹೊರಟ. "ಹೊಡೆದಾಡಲು ಕಲಿಸುತ್ತೀರಾ? ಅವನು ಮನೆಯಲ್ಲಿ ಹೊಡೆಯುವುದು ಸಾಲದಾ?" ಎಂದು ಅಜ್ಜಿ ನಕ್ಕರು. ಆ ಪ್ರಶ್ನೆಗೆ ಉತ್ತರ ಸಿಗಬೇಕಾದರೆ ಕರಾಟೆ ಎಲ್ಲಿಂದ ಬಂತೆಂದು ಸ್ವಲ್ಪ ತಿಳಿದುಕೊಳ್ಳಬೇಕು.

ಶಾಲಾ ಮೇಷ್ಟ್ರು ಕೊಟ್ಟ ವಿದ್ಯೆ

ಕರಾಟೆಯ ಊರು ಜಪಾನಿನ ದಕ್ಷಿಣದಲ್ಲಿರುವ ಒಕಿನಾವ ದ್ವೀಪ. ಒಂದು ಕಾಲದಲ್ಲಿ ಗುಟ್ಟಾಗಿ ಕಲಿಸುತ್ತಿದ್ದ ಈ ವಿದ್ಯೆಯನ್ನು ಆಂಕೊ ಇತೋಸು ಎಂಬ ಗುರು 1901ರ ಸುಮಾರಿಗೆ ಅಲ್ಲಿನ ಪ್ರಾಥಮಿಕ ಶಾಲೆಗೆ ತಂದರು. ಮಕ್ಕಳಿಗೆ ಅಪಾಯವಾಗದಂಥ ಸರಳ ಪಾಠಗಳನ್ನು ಅವರೇ ರೂಪಿಸಿದರು. ಅವರ ಶಿಷ್ಯ ಗಿಚಿನ್ ಫುನಾಕೊಶಿ ವೃತ್ತಿಯಲ್ಲಿ ಶಾಲಾ ಮೇಷ್ಟ್ರು. ಚಿಕ್ಕಂದಿನಲ್ಲಿ ರೋಗಿಷ್ಠರಾಗಿದ್ದ ಇವರೇ 1922ರಲ್ಲಿ ಟೋಕಿಯೊದಲ್ಲಿ ಕರಾಟೆಯ ಪ್ರದರ್ಶನ ನೀಡಿ ಅದನ್ನು ಜಪಾನಿಗೆಲ್ಲ ಪರಿಚಯಿಸಿದರು. ಕಪ್ಪು ಬೆಲ್ಟ್ ಕೊಡುವ ಪದ್ಧತಿಯನ್ನು ಜೂಡೋದಿಂದ ಪಡೆದು 1924ರಲ್ಲಿ ಕರಾಟೆಗೆ ತಂದವರೂ ಅವರೇ. 'ಕರಾಟೆ' ಎಂದರೆ ಬರಿಗೈ. ಮೊದಲ ಏಟು ನಮ್ಮದಾಗಿರಬಾರದು ಎಂಬುದು ಅವರು ಶಿಷ್ಯರಿಗೆ ಹೇಳಿಕೊಟ್ಟ ಮುಖ್ಯ ನಿಯಮ.

ಕರಾಟೆಯಲ್ಲಿ ಸ್ಪರ್ಧೆ ಬಂದದ್ದು ಬಹಳ ತಡವಾಗಿ. ಫುನಾಕೊಶಿಯವರಿಗೆ ಅದರಲ್ಲಿ ಒಲವಿರಲಿಲ್ಲ. ಅವರು ತೀರಿಕೊಂಡ 1957ರಲ್ಲೇ ಜಪಾನ್ ಕರಾಟೆ ಅಸೋಸಿಯೇಷನ್ ತನ್ನ ಮೊದಲ ರಾಷ್ಟ್ರೀಯ ಸ್ಪರ್ಧೆ ನಡೆಸಿತು. ಪದಕದ ಆಸೆಯಿಂದ ಮಾತ್ರ ಮಕ್ಕಳನ್ನು ಸೇರಿಸುವವರು ಈ ಸಂಗತಿಯನ್ನು ನೆನಪಿಡುವುದು ಒಳ್ಳೆಯದು.

ಅಜ್ಜಿಗೆ ಇದನ್ನೆಲ್ಲ ನಾವು ವಿವರಿಸಲು ಹೋಗಲಿಲ್ಲ. ಆರು ತಿಂಗಳು ಕಳೆದ ಮೇಲೆ ಮಗಳು ಅಂಗಳದಲ್ಲಿ 'ಕಾತಾ' ಮಾಡಿ ತೋರಿಸಿದಳು. ಕಾತಾ ಎಂದರೆ ಕಾಣದ ಎದುರಾಳಿಗಳೊಂದಿಗೆ ಕ್ರಮಬದ್ಧವಾಗಿ ನಡೆಸುವ ಕಾಳಗ. ಹೆಜ್ಜೆ, ತಿರುವು, ದೃಷ್ಟಿ, ಉಸಿರು ಎಲ್ಲಕ್ಕೂ ಲೆಕ್ಕವಿದೆ. "ಇದು ಯಕ್ಷಗಾನದ ಹೆಜ್ಜೆಯ ಹಾಗೆಯೇ ಉಂಟಲ್ಲ, ಚೆಂಡೆ ಮಾತ್ರ ಇಲ್ಲ" ಎಂದರು ಅಜ್ಜಿ. ಅಂದಿನಿಂದ ಅವರ ಆಕ್ಷೇಪ ನಿಂತಿತು.

ಗಡಿಯ ಮಕ್ಕಳ ಪಾಡು

ಮೀಂಜದಲ್ಲಿದ್ದುಕೊಂಡು ಕರಾಟೆ ಕಲಿಯುವುದೆಂದರೆ ಮೊದಲು ಬಸ್ಸಿನ ಲೆಕ್ಕ ಕಲಿಯುವುದು. ಮೀಯಪದವಿನ ಕಡೆಯಿಂದ ಹೊಸಂಗಡಿಗೆ ಇಳಿಯಬೇಕು, ಅಲ್ಲಿಂದ ತಲಪಾಡಿ ದಾಟಿ ಮಂಗಳೂರು ಕಡೆಗೆ. ತರಗತಿ ಒಂದೂವರೆ ಗಂಟೆ, ಪ್ರಯಾಣ ಅದಕ್ಕಿಂತ ಹೆಚ್ಚು. ಮಳೆಗಾಲದಲ್ಲಿ ಬಿಳಿ ಬಟ್ಟೆಗೆ ಕೆಂಪು ಮಣ್ಣು ತಾಗದ ಹಾಗೆ ಮನೆ ಸೇರಿದ ದಿನ ನಮ್ಮ ಪಾಲಿಗೆ ಅದೇ ಪದಕ.

2020ರ ಮಾರ್ಚ್‌ನಲ್ಲಿ ಕೊರೊನಾ ಬಂದಾಗ ತಲಪಾಡಿಯಲ್ಲಿ ಗಡಿ ಮುಚ್ಚಿತು. ಒಳದಾರಿಗಳಿಗೆ ಮಣ್ಣು ಸುರಿದರು. ಆಸ್ಪತ್ರೆಗೆ ಹೋಗಬೇಕಾದ ರೋಗಿಗಳೇ ಪರದಾಡಿದ ಆ ದಿನಗಳಲ್ಲಿ ಕರಾಟೆಯ ಚಿಂತೆ ಯಾರಿಗೆ? ಆದರೂ ಮನೆಯೊಳಗೆ ಕಟ್ಟಿಹಾಕಿದಂತಿದ್ದ ಮಕ್ಕಳಿಗೆ ಒಂದು ದಾರಿ ಬೇಕಿತ್ತು. ಮಾಸ್ಟರ್ ಫೋನಿನಲ್ಲಿ ವೀಡಿಯೊ ಕಳುಹಿಸುತ್ತಿದ್ದರು. ಅಡಿಕೆ ಒಣಹಾಕುವ ಅಂಗಳದ ಒಂದು ಮೂಲೆಯನ್ನು ಬಿಡಿಸಿ, ಫೋನನ್ನು ತೆಂಗಿನಕಾಯಿಗೆ ಒರಗಿಸಿಟ್ಟು, ಬೆಳಗ್ಗೆ ಆರೂವರೆಗೆ ಇಬ್ಬರೂ ಅಭ್ಯಾಸ ಮಾಡಿದರು. ನೆಟ್‌ವರ್ಕ್ ಹೋದಾಗ ಅಕ್ಕನೇ ತಮ್ಮನಿಗೆ ಮಾಸ್ಟರ್. ಒಬ್ಬರಿಗೆ ಹೇಳಿಕೊಡುವಾಗ ತನಗೂ ಹೆಚ್ಚು ಬರುತ್ತದೆಂದು ಅವಳು ಕಂಡುಕೊಂಡದ್ದು ಆಗಲೇ.

ಇನ್ನೊಂದು ತೊಡಕು ಗಡಿನಾಡಿನವರಿಗೆ ಮಾತ್ರ ಅರ್ಥವಾಗುವಂಥದ್ದು. ಕಲಿಯುವ ಶಾಲೆ ಕೇರಳದ್ದು, ಕರಾಟೆ ತರಗತಿ ಕರ್ನಾಟಕದ್ದು. ಕ್ಲಬ್ಬಿನ ಸ್ಪರ್ಧೆಗೆ ಹೋದರೆ ಎದೆಯ ಮೇಲೆ ದಕ್ಷಿಣ ಕನ್ನಡದ ಹೆಸರು, ಶಾಲೆಯ ಕೂಟವಾದರೆ ಕಾಸರಗೋಡು ಜಿಲ್ಲೆ. ನೋಂದಣಿ ಮೇಜಿನಲ್ಲಿ ಒಬ್ಬರು "ನೀವು ಕರ್ನಾಟಕವೋ ಕೇರಳವೋ?" ಎಂದು ಕೇಳಿದಾಗ ಮಗ "ಮೀಂಜ" ಎಂದ. ಸುತ್ತಲಿದ್ದವರೆಲ್ಲ ನಕ್ಕರು. ಅವನು ಹೇಳಿದ್ದೇನೂ ಸುಳ್ಳಲ್ಲ!

ಸ್ಪರ್ಧೆಯ ದಿನ

ಸ್ಪರ್ಧೆಯ ದಿನ ಹೆತ್ತವರ ಮುಖ್ಯ ಕೆಲಸ ಕಾಯುವುದು. ಬೆಳಗ್ಗೆ ಎಂಟಕ್ಕೆ ತೂಕ ನೋಡುತ್ತಾರೆ. ಮಗುವಿನ ಸರದಿ ಬರುವಾಗ ಕೆಲವೊಮ್ಮೆ ಸಂಜೆ ನಾಲ್ಕು. ಇಡೀ ದಿನದ ಕಾಯುವಿಕೆಗೆ ಸಿಗುವುದು ಒಂದೂವರೆ ಎರಡು ನಿಮಿಷದ ಪಂದ್ಯ. ಒಬ್ಬರಿಗೆ ಕೆಂಪು ಬೆಲ್ಟ್, ಇನ್ನೊಬ್ಬರಿಗೆ ನೀಲಿ. ಕೈಯ ಹೊಡೆತಕ್ಕೆ ಒಂದು ಅಂಕ, ಹೊಟ್ಟೆ ಎದೆಯ ಮಟ್ಟದ ಒದೆತಕ್ಕೆ ಎರಡು, ತಲೆಯ ಮಟ್ಟದ ಒದೆತಕ್ಕೆ ಮೂರು. ಎಂಟು ಅಂಕಗಳ ಅಂತರವಾದರೆ ಪಂದ್ಯ ಅಲ್ಲಿಗೇ ಮುಗಿಯಿತು. ಹೊಡೆತ ವೇಗವಾಗಿಯೂ ಇರಬೇಕು, ಹತೋಟಿಯಲ್ಲೂ ಇರಬೇಕು. ಚಿಕ್ಕ ಮಕ್ಕಳ ವಿಭಾಗದಲ್ಲಂತೂ ಮುಖಕ್ಕೆ ತಾಗುವ ಮೊದಲೇ ಮುಷ್ಟಿ ನಿಲ್ಲಬೇಕು.

ಮಗ ಹತ್ತು ವರ್ಷದವನಿದ್ದಾಗ ಒಂದು ಪಂದ್ಯದಲ್ಲಿ ಮೂರು ಅಂಕ ಮುಂದಿದ್ದ. ಹುರುಪಿನಲ್ಲಿ ಬೀಸಿದ ಮುಷ್ಟಿ ಎದುರಾಳಿ ಹುಡುಗನ ಮೂಗಿಗೆ ತಾಗಿ ರಕ್ತ ಬಂತು. ತೀರ್ಪುಗಾರರು ಮಗನನ್ನು ಅನರ್ಹಗೊಳಿಸಿದರು. "ನಾನೇ ಗೆಲ್ಲುತ್ತಿದ್ದೆ ಮಮ್ಮಿ, ಮೋಸ!" ಎಂದು ಅಳುತ್ತ ಬಂದ. ಪಕ್ಕದಲ್ಲಿದ್ದ ಕೆಲವು ಪೋಷಕರು "ಹೋಗಿ ಕೇಳಿ, ಬಿಡಬೇಡಿ" ಎಂದರು. ನಾವು ಕೇಳಲು ಹೋದದ್ದು ನಿಜ, ಆದರೆ ತೀರ್ಪುಗಾರರ ಮೇಜಿಗಲ್ಲ. ಮಗನ ಕೈಹಿಡಿದು ಆ ಹುಡುಗನ ಬಳಿಗೆ ಹೋದೆವು. ಮೂಗಿಗೆ ಐಸ್ ಹಿಡಿದು ಕೂತಿದ್ದ ಅವನಿಗೆ ನಮ್ಮವನು ತಲೆ ಬಾಗಿಸಿ "ಸಾರಿ" ಎಂದ. ಹುಡುಗನ ತಂದೆ "ಪರವಾಗಿಲ್ಲ ಮಾರಾಯ್ರೆ, ಮಕ್ಕಳಲ್ವಾ" ಎಂದು ನಮಗೇ ಸಮಾಧಾನ ಹೇಳಿದರು. ಸ್ವಲ್ಪ ಹೊತ್ತಿನಲ್ಲಿ ಇಬ್ಬರೂ ಒಂದೇ ಚಿಪ್ಸ್ ಪೊಟ್ಟಣಕ್ಕೆ ಕೈಹಾಕಿದ್ದರು.

ಮನೆಗೆ ಬಂದ ಮೇಲೆ ಟೋಕಿಯೊ ಒಲಿಂಪಿಕ್ಸ್‌ನ ಕಥೆ ಹೇಳಿದೆವು. ಒಲಿಂಪಿಕ್ಸ್‌ನಲ್ಲಿ ಕರಾಟೆ ಇದ್ದದ್ದು ಅದೊಂದೇ ಸಲ, 2021ರ ಆಗಸ್ಟ್‌ನಲ್ಲಿ. ಭಾರ ತೂಕದವರ ಫೈನಲ್‌ನಲ್ಲಿ ಸೌದಿ ಅರೇಬಿಯದ ತಾರೆಗ್ ಹಮೆದಿ ಇರಾನಿನ ಸಜ್ಜಾದ್ ಗಂಜ್‌ಜಾದೆ ವಿರುದ್ಧ 4-1ರಿಂದ ಮುಂದಿದ್ದರು. ಅವರ ಒಂದು ಒದೆತ ಹತೋಟಿ ಮೀರಿ ತಾಗಿ ಎದುರಾಳಿ ಪ್ರಜ್ಞೆ ತಪ್ಪಿ ಬಿದ್ದರು. ನೆಲದಲ್ಲಿ ಬಿದ್ದವರಿಗೆ ಚಿನ್ನ, ನಿಂತವರಿಗೆ ಬೆಳ್ಳಿ! ಲೋಕವೆಲ್ಲ ನೋಡುತ್ತಿದ್ದ ಕಣದಲ್ಲೂ ನಿಯಮ ಒಂದೇ. ಮಗ ಸುಮ್ಮನೆ ಕೇಳಿದ. ಮರುದಿನ ಗೋಡೆಯ ಎದುರು ನಿಂತು, ಮುಷ್ಟಿಯನ್ನು ಗೋಡೆಗೆ ತಾಗಿಸದೆ ನಿಲ್ಲಿಸುವ ಅಭ್ಯಾಸ ಶುರುಮಾಡಿದ.

"ತಮ್ಮನೂ ನಿಲ್ಲಿಸುತ್ತಾನಾ?"

ಮಗಳು ಏಳನೇ ತರಗತಿಗೆ ಬಂದಾಗ ಮನೆಯಲ್ಲಿ ಬೇರೊಂದು ಮಾತು ಎದ್ದಿತು. ಹಬ್ಬಕ್ಕೆ ಬಂದ ನೆಂಟರು, "ಹುಡುಗಿ ದೊಡ್ಡವಳಾದಳು. ಇನ್ನು ಹುಡುಗರ ಜೊತೆ ಇದೆಲ್ಲ ಯಾಕೆ? ಕೈಕಾಲಿಗೆ ಏಟಾದರೆ ನಾಳೆ ಮದುವೆಯ ಸಮಯದಲ್ಲಿ ಕಷ್ಟ" ಎಂದರು. ಅವರ ಮಾತಿನಲ್ಲಿ ಕಾಳಜಿಯೂ ಇತ್ತು. ಕೋಣೆಯ ಬಾಗಿಲಲ್ಲಿ ನಿಂತಿದ್ದ ಮಗಳು ಕೇಳಿದ್ದು ಒಂದೇ ಪ್ರಶ್ನೆ: "ತಮ್ಮನೂ ನಿಲ್ಲಿಸುತ್ತಾನಾ?"

ಅದಕ್ಕೆ ಯಾರಲ್ಲೂ ಉತ್ತರವಿರಲಿಲ್ಲ. ಬಸ್ಸು, ದಾರಿ, ಪೇಟೆ ಇವುಗಳನ್ನೆಲ್ಲ ಎದುರಿಸಬೇಕಾದ ವಯಸ್ಸು ಅವಳಿಗೆ ಬರುತ್ತಿರುವಾಗಲೇ, ಎದುರಿಸಲು ಕಲಿಸುವ ವಿದ್ಯೆಯನ್ನು ಬಿಡಿಸುವುದೆಂದರೆ ಮಳೆಗಾಲ ಬರುವಾಗ ಕೊಡೆ ಮಾರಿದಂತೆ. ನಮ್ಮ ನೆರೆಯಲ್ಲೇ ಉದಾಹರಣೆ ಉಂಟು. ಮಂಗಳೂರಿನ ಕವಿತಾ ಸನಿಲ್ ಅವರು ಕರಾಟೆ ಪಟು, 2017ರಲ್ಲಿ ನಗರದ ಮೇಯರ್ ಆದವರು. ಆ ವರ್ಷ ನವೆಂಬರ್‌ನಲ್ಲಿ ಮಂಗಳೂರಿನಲ್ಲಿ ಕರಾಟೆ ಚಾಂಪಿಯನ್‌ಷಿಪ್ ಉದ್ಘಾಟಿಸಲು ಬಂದ ಆಗಿನ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಅವರೊಂದಿಗೆ ತಮಾಷೆಗೆ ಮುಷ್ಟಿ ಬೀಸಿದ ಚಿತ್ರ ಪತ್ರಿಕೆಗಳಲ್ಲಿ ಬಂದಿತ್ತು. ನೆಂಟರಿಗೆ ಅದನ್ನು ನೆನಪಿಸಿ, ಮಗಳು ಬಯಸುವಷ್ಟು ಕಾಲ ಕಲಿಯಲಿ ಎಂದು ಹೇಳಿದೆವು. ಹೆಣ್ಣುಮಕ್ಕಳಿಗೆ ಎದೆಯ ರಕ್ಷಾಕವಚ ಕಡ್ಡಾಯವಾಗಿರಲಿ, ತರಗತಿಯಲ್ಲಿ ಹಿರಿಯ ವಿದ್ಯಾರ್ಥಿನಿಯೊಬ್ಬಳು ಸದಾ ಜೊತೆಗಿರಲಿ ಎಂದು ಮಾಸ್ಟರರಲ್ಲಿ ಕೇಳಿಕೊಂಡೆವು. ಎರಡಕ್ಕೂ ಅವರು ಸಂತೋಷದಿಂದ ಒಪ್ಪಿದರು.

ಈಗ ಅವಳು ಹತ್ತನೇ ತರಗತಿ. ಪರೀಕ್ಷೆ ಮುಗಿಯುವ ತನಕ ಸ್ಪರ್ಧೆ ಬೇಡವೆಂದು ನಿರ್ಧರಿಸಿದವಳು ಅವಳೇ. ಶನಿವಾರ ಮಾತ್ರ ತಪ್ಪದೆ ಹೋಗುತ್ತಾಳೆ, ಬಿಳಿ ಬೆಲ್ಟಿನ ಚಿಕ್ಕ ಮಕ್ಕಳಿಗೆ ಸಾಲಿನಲ್ಲಿ ನಿಲ್ಲುವುದನ್ನೂ ತಲೆಬಾಗುವುದನ್ನೂ ಕಲಿಸಲು. ಇಷ್ಟು ವರ್ಷಗಳಲ್ಲಿ ಅವಳು ಗೆದ್ದದ್ದು ಎರಡು ಕಂಚು, ಒಂದು ಬೆಳ್ಳಿ. ಚಿನ್ನ ಬಂದಿಲ್ಲ. ನಮಗೆ ಕೊರತೆ ಕಂಡಿಲ್ಲ.

ಸೇರಿಸುವ ಮೊದಲು

ಕರಾಟೆಗೆ ಸೇರಿಸಬೇಕೆಂದಿರುವ ಹೆತ್ತವರು ಕೆಲವು ವಿಷಯಗಳನ್ನು ವಿಚಾರಿಸಿಕೊಳ್ಳುವುದು ಒಳ್ಳೆಯದು.

ಒಂದು, ನಮ್ಮ ದೇಶದಲ್ಲಿ ಕರಾಟೆ ಸಂಘಟನೆಗಳು ಹಲವು. 'ರಾಷ್ಟ್ರೀಯ', 'ಅಂತಾರಾಷ್ಟ್ರೀಯ' ಎಂಬ ಬ್ಯಾನರ್ ಕಂಡ ಮಾತ್ರಕ್ಕೆ ಹಣ ಕಟ್ಟಬೇಡಿ. ನಾವು ಹೋದ ಒಂದು ಕೂಟದಲ್ಲಿ ಒಂದೊಂದು ವಿಭಾಗಕ್ಕೆ ನಾಲ್ಕೇ ಮಕ್ಕಳು, ನಾಲ್ವರಿಗೂ ಪದಕ! ಕೇರಳದಲ್ಲಿ ಕ್ರೀಡೆಗೆ ಸಿಗುವ ಗ್ರೇಸ್ ಅಂಕದ ಆಸೆಯಿದ್ದರೆ, ಆ ಕೂಟದ ಪ್ರಮಾಣಪತ್ರಕ್ಕೆ ಮಾನ್ಯತೆ ಇದೆಯೇ ಎಂದು ಶಾಲೆಯಲ್ಲಿ ಮೊದಲೇ ಕೇಳಿ.

ಎರಡು, ಬೆಲ್ಟಿಗಾಗಿ ಅವಸರ ಬೇಡ. ಪ್ರತಿ ಬೆಲ್ಟ್ ಪರೀಕ್ಷೆಗೂ ಶುಲ್ಕವಿದೆ. ಒಂದೆರಡು ವರ್ಷದಲ್ಲಿ ಕಪ್ಪು ಬೆಲ್ಟ್ ಕೊಡುತ್ತೇವೆ ಎನ್ನುವ ಕಡೆ ಎರಡು ಬಾರಿ ಯೋಚಿಸಿ.

ಮೂರು, ಹಲ್ಲಿನ ಗಾರ್ಡ್, ಕೈಗವಸು, ಮೊಣಕಾಲ ಕೆಳಗಿನ ಗಾರ್ಡ್ ಮಗುವಿನ ಸ್ವಂತದ್ದಾಗಿರಲಿ. ತಲೆಗೆ ಏಟು ಬಿದ್ದು ತಲೆಸುತ್ತು, ವಾಂತಿ ಕಂಡರೆ ಪಂದ್ಯ ಅಲ್ಲಿಗೇ ಸಾಕು, ನೇರ ವೈದ್ಯರ ಬಳಿ ಹೋಗಿ. ಕಡಿಮೆ ತೂಕದ ವಿಭಾಗಕ್ಕಾಗಿ ಬೆಳೆಯುವ ಮಕ್ಕಳನ್ನು ಉಪವಾಸ ಕೆಡವಬೇಡಿ.

ನಾಲ್ಕು, ತರಗತಿ ಹೆತ್ತವರು ಬಂದು ನೋಡಬಹುದಾದ ಜಾಗದಲ್ಲಿರಲಿ. ಯಾರ ಸ್ಪರ್ಶ ಇಷ್ಟವಾಗದಿದ್ದರೂ ಮನೆಯಲ್ಲಿ ಹೇಳುವ ಧೈರ್ಯ ಮಕ್ಕಳಿಗಿರಲಿ. 2012ರ ಪೋಕ್ಸೊ ಕಾನೂನು ಇರುವುದು ಮಕ್ಕಳ ರಕ್ಷಣೆಗೆ.

ಐದು, ಸ್ಪರ್ಧೆಗಳು ಹೆಚ್ಚಾಗಿ ಆದಿತ್ಯವಾರವೇ ಬರುತ್ತವೆ. ಬೆಳಗಿನ ಮೊದಲ ಪೂಜೆಗೋ, ಶನಿವಾರ ಸಂಜೆಯ ಪೂಜೆಗೋ ಹೋಗಿ ಹೊರಡುವ ಅಭ್ಯಾಸ ನಮ್ಮ ಮನೆಯಲ್ಲಿದೆ. ತಪ್ಪಿದ ಕ್ರಿಸ್ತೀ ಶಿಕ್ಷಣದ ಪಾಠವನ್ನು ಆ ವಾರವೇ ಮನೆಯಲ್ಲಿ ಓದಿಸುತ್ತೇವೆ. ಶಿಕ್ಷಕಿಯರಿಗೆ ಮೊದಲೇ ತಿಳಿಸಿದರೆ ಅವರೂ ಸಹಕರಿಸುತ್ತಾರೆ.

ಕೊನೆಯದಾಗಿ, ಸೋತ ಮಗುವಿನೊಡನೆ ಮನೆಗೆ ಹಿಂತಿರುಗುವ ಆ ಒಂದು ಗಂಟೆ ಬಹಳ ಸೂಕ್ಷ್ಮ. "ಆಗ ಯಾಕೆ ಕಾಲೆತ್ತಲಿಲ್ಲ?" ಎಂಬ ಪ್ರಶ್ನೆಗಳನ್ನು ಮಾಸ್ಟರರಿಗೆ ಬಿಟ್ಟುಬಿಡೋಣ. ನಾವು "ಹಸಿವಾಗಿದೆಯಾ?" ಎಂದು ಕೇಳುತ್ತೇವೆ. ಹೊಸಂಗಡಿಯ ಹೋಟೆಲಿನಲ್ಲಿ ಗೋಳಿಬಜೆ ತಿನ್ನುವಾಗ ಮಕ್ಕಳು ತಾವಾಗಿಯೇ ಎಲ್ಲವನ್ನೂ ಹೇಳುತ್ತಾರೆ.

ಅದೇ ಟೋಕಿಯೊದಲ್ಲಿ ಪುರುಷರ ಕಾತಾ ವಿಭಾಗದ ಚಿನ್ನ ಗೆದ್ದವರು ಕರಾಟೆಯ ತವರು ಒಕಿನಾವದ ರ್ಯೊ ಕಿಯುನಾ. ಪದಕ ವೇದಿಕೆಯ ಮೇಲೆ ಅವರ ಕೈಯಲ್ಲಿ ತೀರಿಹೋದ ತಾಯಿಯ ಭಾವಚಿತ್ರವಿತ್ತು. ನಮ್ಮ ಮಕ್ಕಳು ಅಂಥ ವೇದಿಕೆ ಏರುವುದು ಅಪರೂಪದ ಮಾತು. ಆದರೆ ತಾವು ಕಣದಲ್ಲಿದ್ದಾಗ ಹೊರಗೆ ಯಾರು ನಿಂತಿದ್ದರು, ಹೇಗೆ ನಿಂತಿದ್ದರು ಎಂಬುದು ಪ್ರತಿ ಮಗುವಿಗೂ ನೆನಪಿರುತ್ತದೆ. ಬರುವ ಜೂನ್‌ನಲ್ಲಿ ಹೊಸ ತಂಡಗಳು ಶುರುವಾಗುತ್ತವೆ. ನಿಮ್ಮ ಮಗ ಅಥವಾ ಮಗಳು ಆಸೆಪಟ್ಟು ಕೇಳಿದರೆ, ಒಂದು ಸಂಜೆ ಜೊತೆಗೆ ಹೋಗಿ ಕೂತು ತರಗತಿಯನ್ನು ನೋಡಿ ಬನ್ನಿ. ಆಮೇಲೆ ನಿರ್ಧರಿಸಿ.