ತಂತಿಯ ಕೆಲಸವನ್ನು ಕಲಿಯುವ ಬಗೆ

ಗಜೇಂದ್ರಗಡದ ಗುಡ್ಡವನ್ನು ಹತ್ತಿ ನಿಂತವರ ಕಣ್ಣಿಗೆ ಮೊದಲು ಬೀಳುವುವು ನಿಧಾನವಾಗಿ ತಿರುಗುವ ಗಾಳಿಯಂತ್ರಗಳು. ಅಲ್ಲಿಂದ ರೋಣದ ಕಡೆಗೆ, ಅದರಾಚೆ ನರಗುಂದದ ಕಡೆಗೆ, ಎರೆಹೊಲಗಳು ಹರಡಿಕೊಂಡಿವೆ. ಹೊಲಗಳ ಬದುವಿನಲ್ಲಿ ಕಂಬಗಳ ಸಾಲು. ಕಂಬಗಳ ಮೇಲೆ ತಂತಿ. ಆ ತಂತಿಯಲ್ಲಿ ವಿದ್ಯುತ್ತು ಇದೆಯೋ ಇಲ್ಲವೋ ಎಂಬುದನ್ನು ದೂರದಿಂದಾಗಲಿ ಹತ್ತಿರದಿಂದಾಗಲಿ ನೋಡಿ ಯಾರೂ ಹೇಳಲಾರರು. ಬಡಗಿಯ ಉಳಿ ಹರಿತವಾಗಿದೆ ಎಂಬುದು ನೋಟಕ್ಕೇ ತಿಳಿಯುತ್ತದೆ. ಕಮ್ಮಾರನ ಕಬ್ಬಿಣ ಕಾದಿದೆ ಎಂಬುದನ್ನು ಅದರ ಕೆಂಪು ಬಣ್ಣವೇ ಸಾರುತ್ತದೆ. ತಂತಿಗೆ ಅಂಥ ಯಾವ ಗುರುತೂ ಇಲ್ಲ. ನಮ್ಮ ಪಂಚೇಂದ್ರಿಯಗಳಲ್ಲಿ ವಿದ್ಯುತ್ತನ್ನು ನೇರವಾಗಿ ಅರಿಯಬಲ್ಲುದು ಸ್ಪರ್ಶವೊಂದೇ. ಆ ಅರಿವು ಬರುವ ಹೊತ್ತಿಗೆ ಕಾಲ ಮೀರಿರುತ್ತದೆ.

ಈ ಕಾರಣದಿಂದಲೇ ವಿದ್ಯುತ್ ಕೆಲಸಗಾರನ ಕಸುಬು ಉಳಿದ ಕಸುಬುಗಳಿಗಿಂತ ಭಿನ್ನವಾದುದು. ಓಮನ ನಿಯಮವನ್ನು ಪ್ರೌಢಶಾಲೆಯಲ್ಲಿ ನಾವೆಲ್ಲರೂ ಕಲಿಯುತ್ತೇವೆ. ಆದರೆ ತಂತಿಯೊಂದನ್ನು ಸತ್ತದ್ದೆಂದು ನಂಬುವ ಮೊದಲು ಕೈ ತಾನಾಗಿಯೇ ಪರೀಕ್ಷಿಸಬೇಕು. ಆ ಅಭ್ಯಾಸ ಪುಸ್ತಕದಿಂದ ಬರುವುದಿಲ್ಲ. ನುರಿತವನೊಬ್ಬನ ಪಕ್ಕದಲ್ಲಿ ತಿಂಗಳುಗಟ್ಟಲೆ ನಿಂತು, ಅವನು ಮಾಡುವುದನ್ನು ನೋಡಿ, ಅವನ ಕಣ್ಣೆದುರಿಗೆ ತಾನೂ ಮಾಡಿದಾಗ ಮಾತ್ರ ಅದು ಬರುತ್ತದೆ. ಇದಕ್ಕೇ ಅಪ್ರೆಂಟಿಸ್ ತರಬೇತಿ ಎಂದು ಹೆಸರು.

ವಿದ್ಯುದ್ವಿಜ್ಞಾನದ ಚರಿತ್ರೆಯಲ್ಲಿಯೂ ಒಬ್ಬ ಹೆಸರಾಂತ ಅಪ್ರೆಂಟಿಸನಿದ್ದಾನೆ. ಲಂಡನ್ನಿನ ಕಮ್ಮಾರನ ಮಗ ಮೈಕೇಲ್ ಫ್ಯಾರಡೆ 1805ರಲ್ಲಿ, ತನ್ನ ಹದಿನಾಲ್ಕನೆಯ ವಯಸ್ಸಿನಲ್ಲಿ, ಪುಸ್ತಕಗಳಿಗೆ ರಟ್ಟು ಕಟ್ಟುವ ಅಂಗಡಿಯೊಂದರಲ್ಲಿ ಏಳು ವರುಷಗಳ ಕರಾರಿಗೆ ಸೇರಿದನು. ಕಟ್ಟಲು ಬಂದ ಪುಸ್ತಕಗಳನ್ನು ಓದುತ್ತ ವಿದ್ಯುತ್ತಿನ ವಿಷಯದಲ್ಲಿ ಆಸಕ್ತನಾದನು. 1813ರಲ್ಲಿ ರಾಯಲ್ ಇನ್‌ಸ್ಟಿಟ್ಯೂಷನ್ನಿನ ಪ್ರಯೋಗಶಾಲೆಯಲ್ಲಿ ಹಂಫ್ರಿ ಡೇವಿಯ ಸಹಾಯಕನಾಗಿ ಸೇರಿದ್ದು ಅವನ ಎರಡನೆಯ ಶಿಷ್ಯವೃತ್ತಿಯೆಂದೇ ಹೇಳಬೇಕು. 1831ರಲ್ಲಿ ಅವನು ಕಂಡುಹಿಡಿದ ವಿದ್ಯುತ್ಕಾಂತ ಪ್ರೇರಣೆಯ ತತ್ತ್ವದಿಂದಲೇ ಗಜೇಂದ್ರಗಡದ ಗಾಳಿಯಂತ್ರವೂ ವಿದ್ಯುತ್ತನ್ನು ಹುಟ್ಟಿಸುತ್ತದೆ. ಕೈಯಿಂದ ಕೆಲಸ ಕಲಿತವನಿಗೆ ತಲೆಯ ಕೆಲಸ ಒಲಿಯದೆಂಬ ಭಾವನೆ ನಮ್ಮಲ್ಲಿ ಇನ್ನೂ ಅಳಿದಿಲ್ಲ. ಫ್ಯಾರಡೆಯ ಕಥೆ ಅಂಥವರಿಗೆ ತಕ್ಕ ಉತ್ತರ.

ರೋಣ ಅಥವಾ ನರಗುಂದದ ವಿದ್ಯಾರ್ಥಿಯೊಬ್ಬನು, ವಿದ್ಯಾರ್ಥಿನಿಯೂ ಆಗಬಹುದು, ಈ ಕಸುಬಿಗೆ ಹೋಗಬೇಕಾದರೆ ಹಾದಿ ಹೇಗಿದೆ? ಹತ್ತನೆಯ ತರಗತಿಯಲ್ಲಿ ತೇರ್ಗಡೆಯಾದವರು ಕೈಗಾರಿಕಾ ತರಬೇತಿ ಸಂಸ್ಥೆಯಲ್ಲಿ, ಎಂದರೆ ಐಟಿಐಯಲ್ಲಿ, ಎರಡು ವರುಷಗಳ ಎಲೆಕ್ಟ್ರಿಷಿಯನ್ ಶಿಕ್ಷಣಕ್ಕೆ ಸೇರಬಹುದು. 1950ರಲ್ಲಿ ಭಾರತ ಸರ್ಕಾರವು ಕುಶಲಕರ್ಮಿಗಳ ತರಬೇತಿ ಯೋಜನೆಯನ್ನು ಆರಂಭಿಸಿದಂದಿನಿಂದ ಈ ಸಂಸ್ಥೆಗಳು ನಡೆದುಬಂದಿವೆ. ಅಲ್ಲಿ ತಂತಿ ಕೂಡಿಸುವುದನ್ನು, ಹಲಗೆಯ ಮೇಲೆ ದೀಪ ಗುಂಡಿಗಳ ಜೋಡಣೆಯನ್ನು, ಮೋಟಾರಿನ ಅಂಗಗಳನ್ನು ಕಲಿಸುತ್ತಾರೆ. ವೆಸ್ಟರ್ನ್ ಯೂನಿಯನ್ ಕೂಡಿಕೆ ಎಂಬೊಂದು ಗಂಟನ್ನು ಅಲ್ಲಿ ಎಲ್ಲರೂ ಹಾಕಲು ಕಲಿಯುತ್ತಾರೆ; ಅದು ಹಿಂದಿನ ಕಾಲದ ಅಮೆರಿಕದ ತಂತಿ ಸಮಾಚಾರದ ಕಂಪನಿಯೊಂದರ ಹೆಸರು! ಆದರೆ ಹಲಗೆಯ ಮೇಲಿನ ತಂತಿಯಲ್ಲಿ ತಪ್ಪಾದರೆ ಅಂಕ ಹೋಗುತ್ತದೆ. ಕಂಬದ ಮೇಲಿನ ತಂತಿಯಲ್ಲಿ ತಪ್ಪಾದರೆ ಪ್ರಾಣ ಹೋಗುತ್ತದೆ. ಈ ಅಂತರವನ್ನು ದಾಟಿಸುವ ಸೇತುವೆಯೇ ಐಟಿಐಯ ನಂತರದ ಒಂದು ವರುಷದ ಅಪ್ರೆಂಟಿಸ್ ತರಬೇತಿ.

ಅದಕ್ಕೆ ಆಧಾರವಾದುದು 1961ರ ಅಪ್ರೆಂಟಿಸರ ಕಾಯಿದೆ. ಜಾರಿಗೆ ಬಂದದ್ದು 1962ರ ಮಾರ್ಚಿ 1ರಂದು. ಇದರ ಪ್ರಕಾರ ಮಾಲೀಕನಿಗೂ ಕಲಿಯುವವನಿಗೂ ಬರವಣಿಗೆಯ ಕರಾರು ಆಗಬೇಕು, ಆ ಕರಾರು ನೋಂದಣಿಯಾಗಬೇಕು, ಕಲಿಯುವವನಿಗೆ ತಿಂಗಳ ವೇತನ ಸಿಗಬೇಕು. 30 ಮಂದಿಗಿಂತ ಕಡಿಮೆಯಿಲ್ಲದ ಕೆಲಸಗಾರರಿರುವ ಸಂಸ್ಥೆಗಳು ಅಪ್ರೆಂಟಿಸರನ್ನು ತೆಗೆದುಕೊಳ್ಳಲೇಬೇಕು ಎಂದು 2019ರ ನಿಯಮ ಹೇಳುತ್ತದೆ.

ರೋಣ, ನರಗುಂದ, ಗಜೇಂದ್ರಗಡಗಳಲ್ಲಿ ದೊಡ್ಡ ಕಾರ್ಖಾನೆಗಳಿಲ್ಲ. ಆದ್ದರಿಂದ ಈ ಭಾಗದ ಹುಡುಗರ ಕಣ್ಣು ಸಹಜವಾಗಿ ಹುಬ್ಬಳ್ಳಿಯ ಕಡೆಗೆ ಹೊರಳುತ್ತದೆ. ನೈಋತ್ಯ ರೈಲ್ವೆಯ ಗಾಡಿ ದುರಸ್ತಿಯ ಕಾರ್ಖಾನೆ ಅಲ್ಲಿದೆ; ಫಿಟ್ಟರು, ವೆಲ್ಡರುಗಳ ಜೊತೆಗೆ ಎಲೆಕ್ಟ್ರಿಷಿಯನ್ ಅಪ್ರೆಂಟಿಸರನ್ನೂ ಅಲ್ಲಿಗೆ ಆರಿಸುತ್ತಾರೆ. ಲಿಖಿತ ಪರೀಕ್ಷೆ ಇಲ್ಲ. ಹತ್ತನೆಯ ತರಗತಿಯ ಮತ್ತು ಐಟಿಐಯ ಅಂಕಗಳನ್ನು ಸೇರಿಸಿ ಸರಾಸರಿ ತೆಗೆದು ಪಟ್ಟಿ ಮಾಡುತ್ತಾರೆ. ರೈಲುಬೋಗಿಯ ವಿದ್ಯುತ್ತು ಮನೆಯ ವಿದ್ಯುತ್ತಿನಂತಲ್ಲ. ಹಳೆಯ ಮಾದರಿಯ ಬೋಗಿಗಳಲ್ಲಿ ಗಾಲಿಯ ಅಚ್ಚಿನಿಂದ ಪಟ್ಟಿಯ ಮೂಲಕ ಆಲ್ಟರ್ನೇಟರು ತಿರುಗುತ್ತದೆ. ಅದರ ವಿದ್ಯುತ್ತನ್ನು 110 ವೋಲ್ಟುಗಳ ಏಕಮುಖ ಪ್ರವಾಹವಾಗಿ ಮಾರ್ಪಡಿಸಿ ಬ್ಯಾಟರಿಗಳನ್ನು ತುಂಬುತ್ತಾರೆ. ಗಾಡಿ ನಿಂತಾಗ ಬ್ಯಾಟರಿಯಿಂದಲೇ ದೀಪ, ಪಂಖಗಳು ನಡೆಯುತ್ತವೆ. ನಾವು ಗದಗದ ನಿಲ್ದಾಣದಲ್ಲಿ ಗಾಡಿ ಹೊರಡುವುದನ್ನು ಕಾಯುತ್ತ ಪಂಖದ ಕೆಳಗೆ ಕುಳಿತಿರುವಾಗ ಇದನ್ನು ಯೋಚಿಸುವುದೇ ಇಲ್ಲ.

ಇನ್ನು ಅಪ್ರೆಂಟಿಸನು ಮೊದಲು ಕಲಿಯುವುದೇನು? ಅಪನಂಬಿಕೆ! ತಂತಿಯನ್ನು ಮುಟ್ಟುವ ಮೊದಲು ಪರೀಕ್ಷಕವನ್ನು ವಿದ್ಯುತ್ತಿದೆ ಎಂದು ಖಚಿತವಾಗಿ ಗೊತ್ತಿರುವ ಕಡೆ ಇಟ್ಟು ಅದು ಕೆಲಸ ಮಾಡುತ್ತಿದೆಯೆಂದು ನೋಡಬೇಕು. ಬಳಿಕ ತಾನು ಕೆಲಸ ಮಾಡಬೇಕಾದ ತಂತಿಗೆ ಇಡಬೇಕು. ಅಲ್ಲಿ ಏನೂ ತೋರದಿದ್ದರೆ ಸಾಲದು. ಮತ್ತೆ ಮೊದಲಿನ ಜಾಗಕ್ಕೇ ಹೋಗಿ ಪರೀಕ್ಷಕವು ನಡುವೆ ಕೆಟ್ಟುಹೋಗಿಲ್ಲವೆಂದು ತಿಳಿದುಕೊಳ್ಳಬೇಕು. ಮೂರು ಪರೀಕ್ಷೆಗಳು, ಅರ್ಧ ನಿಮಿಷದ ಕೆಲಸ. ಅವಸರದಲ್ಲಿ ಮೂರನೆಯದನ್ನು ಬಿಡುವವರೇ ಹೆಚ್ಚು. ಕಂಬದ ಮೇಲಿನ ಕೆಲಸವಾದರೆ ಇಷ್ಟಕ್ಕೂ ನಿಲ್ಲದೆ, ತಂತಿಗಳನ್ನು ಒಂದಕ್ಕೊಂದು ಕೂಡಿಸಿ ಭೂಮಿಗೆ ಸೇರಿಸಬೇಕು. ಉಪಕೇಂದ್ರದಲ್ಲಿ ವಿದ್ಯುತ್ತನ್ನು ನಿಲ್ಲಿಸಿದ್ದರೂ ಊರಿನ ಯಾವುದೋ ಮನೆಯ ಜನರೇಟರು, ತಪ್ಪು ಜೋಡಣೆಯಿಂದಾಗಿ, ಹಿಂದುಮುಂದಾಗಿ ತಂತಿಗೆ ವಿದ್ಯುತ್ತನ್ನು ತಳ್ಳಬಹುದು.

ಎರಡನೆಯ ಪಾಠ ಭೂಸಂಪರ್ಕದ್ದು. ಇದನ್ನು ನಾನು ತುಸು ವಿಸ್ತಾರವಾಗಿ ಹೇಳಬೇಕೆಂದಿದ್ದೇನೆ. ಏಕೆಂದರೆ ನಮ್ಮ ಎರೆಭೂಮಿಯಲ್ಲಿ ಈ ಪಾಠಕ್ಕೆ ಬೇರೆಡೆ ಇಲ್ಲದ ಒಂದು ತೊಡಕಿದೆ.

ಭೂಸಂಪರ್ಕವೆಂದರೆ ಯಂತ್ರದ ಲೋಹದ ಮೈಯನ್ನು ತಂತಿಯ ಮೂಲಕ ನೆಲದೊಂದಿಗೆ ಕೂಡಿಸುವುದು. ಸಾಮಾನ್ಯವಾಗಿ ಎರಡೂವರೆ ಮೀಟರು ಉದ್ದದ, ಸತುವಿನ ಲೇಪವಿರುವ ಕಬ್ಬಿಣದ ಕೊಳವೆಯನ್ನು ಗುಂಡಿಯಲ್ಲಿ ನಿಲ್ಲಿಸಿ, ಸುತ್ತಲೂ ಇದ್ದಿಲನ್ನೂ ಉಪ್ಪನ್ನೂ ಪದರಪದರವಾಗಿ ತುಂಬಿ, ಮೇಲಿನಿಂದ ನೀರು ಹಾಕಲು ಆಲಿಕೆಯೊಂದನ್ನು ಇಡುತ್ತಾರೆ. ಮೋಟಾರಿನ ಒಳಗೆ ತಂತಿಯ ಹೊದಿಕೆ ಸವೆದು ಅದರ ಮೈಗೆ ವಿದ್ಯುತ್ತು ತಾಗಿತೆನ್ನೋಣ. ಆಗ ಪ್ರವಾಹವು ಭೂಮಿಯ ಹಾದಿಯಾಗಿ ಹರಿದು ಟ್ರಾನ್ಸ್‌ಫಾರ್ಮರಿಗೆ ಹಿಂದಿರುಗುತ್ತದೆ. ಮನೆಯ ಗುಂಡಿಯ ನಿರೋಧ 5 ಓಮ್, ಟ್ರಾನ್ಸ್‌ಫಾರ್ಮರಿನ ಗುಂಡಿಯದು 2 ಓಮ್ ಎಂದು ಇಟ್ಟುಕೊಳ್ಳಿ. 230 ವೋಲ್ಟುಗಳನ್ನು 7ರಿಂದ ಭಾಗಿಸಿದರೆ ಸುಮಾರು 33 ಆಂಪಿಯರ್ ಬರುತ್ತದೆ. 10 ಆಂಪಿಯರಿನ ಫ್ಯೂಸು ಇದನ್ನು ತಾಳಲಾರದೆ ಬೇಗ ಕರಗುತ್ತದೆ; ಅಪಾಯ ಕಳೆಯುತ್ತದೆ.

ಮಳೆಗಾಲದಲ್ಲಿ ಈ ಲೆಕ್ಕ ಸರಿ. ಒದ್ದೆಯಾದ ಎರೆಮಣ್ಣು ವಿದ್ಯುತ್ತಿಗೆ ಒಳ್ಳೆಯ ಹಾದಿ; ಮುರಮಣ್ಣಿಗಿಂತಲೂ ಕಲ್ಲುನೆಲಕ್ಕಿಂತಲೂ ಎಷ್ಟೋ ಮೇಲು. ಅದೇ ಮಣ್ಣನ್ನು ಹಿಂಗಾರಿಯ ಜೋಳ ಕೊಯ್ದು ಎರಡು ತಿಂಗಳಾದ ಮೇಲೆ ನೋಡಿ. ನೀರು ಕುಡಿದಾಗ ಉಬ್ಬುವ, ಒಣಗಿದಾಗ ಕುಗ್ಗುವ ಜೇಡಿಯ ಖನಿಜಗಳು ಈ ಮಣ್ಣಿನಲ್ಲಿ ತುಂಬಿವೆ. ಬೇಸಗೆಯಲ್ಲಿ ಅದು ಬೆರಳು ತೂರುವಷ್ಟು ಅಗಲವಾಗಿ, ಮೊಳಗಟ್ಟಲೆ ಆಳವಾಗಿ ಸೀಳುತ್ತದೆ. ರೈತರು ಇದನ್ನು ಚೆನ್ನಾಗಿ ಬಲ್ಲರು. ಆ ಸೀಳಿನಲ್ಲಿ ಮಣ್ಣು ಕೊಳವೆಯ ಮೈಯನ್ನು ಬಿಟ್ಟು ಹಿಂದಕ್ಕೆ ಸರಿಯುತ್ತದೆ. ನಡುವೆ ಉಳಿಯುವುದು ಗಾಳಿ. ಗಾಳಿ ಅವಾಹಕ. ಗುಂಡಿಯ ನಿರೋಧ 50 ಓಮಿಗೆ ಏರಿತೆನ್ನೋಣ. ಈಗ 230ನ್ನು 52ರಿಂದ ಭಾಗಿಸಬೇಕು: ಬರುವುದು 4.4 ಆಂಪಿಯರ್. 10 ಆಂಪಿಯರಿನ ಫ್ಯೂಸಿಗೆ ಇದು ಲೆಕ್ಕಕ್ಕೇ ಇಲ್ಲ. ಅದು ಕರಗುವುದಿಲ್ಲ, ಮೋಟಾರಿನ ಮೈಯಲ್ಲಿ ಸುಮಾರು 221 ವೋಲ್ಟು ಹಾಗೆಯೇ ನಿಂತಿರುತ್ತದೆ. ಮುಟ್ಟಿದವನ ದೇಹದ ನಿರೋಧ 1,500 ಓಮ್ ಎಂದು ಹಿಡಿದರೆ ಅವನ ಮೂಲಕ ಸುಮಾರು 147 ಮಿಲಿಆಂಪಿಯರ್ ಹರಿಯುತ್ತದೆ. ಹೃದಯದ ಬಡಿತವನ್ನು ಕೆಡಿಸಲು ಅದಕ್ಕಿಂತ ಕಡಿಮೆಯೇ ಸಾಕು.

ಅದೇ ಗುಂಡಿ, ಅದೇ ಕೊಳವೆ, ಅದೇ ಕೆಲಸಗಾರ. ಆಗಸ್ಟಿನಲ್ಲಿ ಅಳೆದು ಸರಿಯೆಂದು ಬರೆದುಕೊಂಡವನು ಏಪ್ರಿಲಿನಲ್ಲಿ ಅಳೆಯದಿದ್ದರೆ ತನ್ನ ಕೆಲಸ ಕೆಟ್ಟದ್ದು ಅವನಿಗೆ ಗೊತ್ತೇ ಆಗುವುದಿಲ್ಲ. ತರಬೇತಿಯ ಅವಧಿ ಒಂದು ವರುಷವಾಗಿರುವುದರಿಂದ ಒಂದು ಮಳೆಗಾಲವೂ ಒಂದು ಬೇಸಗೆಯೂ ಅದರೊಳಗೆ ಬರುತ್ತವೆ. ಕಾಯಿದೆ ಮಾಡಿದವರು ಎರೆಮಣ್ಣನ್ನು ಮನಸ್ಸಿನಲ್ಲಿಟ್ಟುಕೊಂಡಿರಲಿಕ್ಕಿಲ್ಲ; ಆದರೂ ನಮಗೆ ಅದು ಅನುಕೂಲವೇ ಆಗಿದೆ. ಮಲಪ್ರಭೆಯ ಕಾಲುವೆಯ ನೀರು ನಿಂತ ಹೊಲದ ಪಕ್ಕದ ಗುಂಡಿಗೂ ಬರಡು ಎರೆಯ ಗುಂಡಿಗೂ ಗಜೇಂದ್ರಗಡದ ಗುಡ್ಡದ ಕಲ್ಲಿನಲ್ಲಿ ತೋಡಿದ ಗುಂಡಿಗೂ ಇರುವ ಭೇದವನ್ನು ಅಳತೆಯ ಯಂತ್ರ ಹಿಡಿದು ತಾನೇ ಕಂಡವನು ಜನ್ಮವಿಡೀ ಮರೆಯಲಾರ. ಭೂಸಂಪರ್ಕ ಕೆಟ್ಟಿದ್ದರೂ 30 ಮಿಲಿಆಂಪಿಯರಿನಷ್ಟು ಸೋರಿಕೆಗೇ ವಿದ್ಯುತ್ತನ್ನು ಕಡಿಯುವ ರಕ್ಷಕ ಸಾಧನಗಳು ಈಗ ಅಂಗಡಿಗಳಲ್ಲಿ ದೊರೆಯುತ್ತವೆ. ಮನೆಮನೆಯಲ್ಲಿ ಅದು ಇರಬೇಕಾದ್ದು. ಅದರ ಮೇಲಿನ ಪರೀಕ್ಷೆಯ ಗುಂಡಿಯನ್ನು ಒತ್ತಿ ನೋಡುವವರು ಮಾತ್ರ ವಿರಳ.

ಕರಾರಿಲ್ಲದ ಶಿಷ್ಯವೃತ್ತಿಯೂ ನಮ್ಮ ಊರುಗಳಲ್ಲಿದೆ. ಸಂತೆಯ ಬೀದಿಯಲ್ಲಿ ಮೋಟಾರು ಸುತ್ತುವ ಅಂಗಡಿಗಳನ್ನು ನೀವು ನೋಡಿರಬಹುದು. ಮೂರು ಫೇಸುಗಳಲ್ಲಿ ಒಂದು ತಪ್ಪಿಹೋದರೆ ಓಡುತ್ತಿರುವ ಪಂಪಿನ ಮೋಟಾರು ಉಳಿದ ಎರಡರಿಂದಲೇ ಭಾರವನ್ನು ಎಳೆಯಲು ಹೆಣಗಿ, ಹೆಚ್ಚು ಪ್ರವಾಹ ಸೆಳೆದು, ಸುರುಳಿ ಸುಟ್ಟುಕೊಳ್ಳುತ್ತದೆ. ಸುಟ್ಟ ಸುರುಳಿಯನ್ನು ಬಿಚ್ಚುವಾಗ ಹುಡುಗನು ಸುತ್ತುಗಳನ್ನು ಎಣಿಸಿ ಬರೆದುಕೊಳ್ಳುತ್ತಾನೆ, ತಂತಿಯ ದಪ್ಪವನ್ನು ಅಳೆಯುತ್ತಾನೆ, ಯಾವ ಗಾಡಿಯಿಂದ ಯಾವ ಗಾಡಿಗೆ ತಂತಿ ಹೋಗಿತ್ತೆಂದು ಗುರುತಿಟ್ಟುಕೊಳ್ಳುತ್ತಾನೆ. ಎಣಿಕೆ ತಪ್ಪಿದರೆ ಹೊಸ ಸುರುಳಿಯೂ ಸುಡುತ್ತದೆ. ಇದು ನಿಜವಾದ ವಿದ್ಯೆ. ಆದರೆ ಐದು ವರುಷ ಕಲಿತರೂ ಆ ಹುಡುಗನ ಕೈಯಲ್ಲಿ ಒಂದು ಕಾಗದವಿಲ್ಲ, ಗಾಯವಾದರೆ ಕೇಳುವವರಿಲ್ಲ. ಇಂಥವರ ಪೂರ್ವಕಲಿಕೆಯನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ಏರ್ಪಾಡು ಸರ್ಕಾರದ ಕೌಶಲ ಯೋಜನೆಗಳಲ್ಲಿ ಬಂದಿದೆ. ಅದನ್ನು ತಿಳಿದವರು ಹೆಚ್ಚಿಲ್ಲ.

ಕಾಗದದ ಮಾತು ಬಂದುದರಿಂದ ಕಾನೂನಿನ ಒಂದೆರಡು ಸಂಗತಿಗಳನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಕಾಯಿದೆಯ ದೃಷ್ಟಿಯಲ್ಲಿ ಅಪ್ರೆಂಟಿಸನು ಕಲಿಯುವವನು, ಕೆಲಸಗಾರನಲ್ಲ. ಸುರಕ್ಷತೆಯ ನಿಯಮಗಳೂ ಗಾಯಕ್ಕೆ ಪರಿಹಾರವೂ ಅವನಿಗೆ ಉಂಟು. ಉಳಿದ ಕಾರ್ಮಿಕ ಹಕ್ಕುಗಳಿಲ್ಲ. ತರಬೇತಿ ಮುಗಿದ ಮೇಲೆ ಕೆಲಸ ಕೊಡಲೇಬೇಕೆಂಬ ಕಟ್ಟುಪಾಡು ಮಾಲೀಕನಿಗಿಲ್ಲ. ರೈಲ್ವೆಯಲ್ಲಿ ಮಾತ್ರ, ತನ್ನಲ್ಲಿ ತರಬೇತಿ ಮುಗಿಸಿದವರಿಗೆ ಮೊದಲ ಹಂತದ ಹುದ್ದೆಗಳಲ್ಲಿ ನೂರಕ್ಕೆ 20ನ್ನು ಕಾದಿರಿಸುವ ಪದ್ಧತಿ ಬಂದಿದೆ. ಐಟಿಐ ಮುಗಿಸಿದ ಅಪ್ರೆಂಟಿಸನಿಗೆ ತಿಂಗಳಿಗೆ ಕನಿಷ್ಠ 7,000 ರೂಪಾಯಿ ಎಂದು 2019ರ ನಿಯಮ ಗೊತ್ತುಮಾಡಿತು. ರೋಣದಿಂದ ಹೋಗಿ ಹುಬ್ಬಳ್ಳಿಯಲ್ಲಿ ಕೋಣೆ ಹಿಡಿದು ಊಟ ಮಾಡುವವನಿಗೆ ಇದರಲ್ಲಿ ಏನು ಉಳಿದೀತು? ಎಷ್ಟೋ ಬಡ ಮನೆಗಳಲ್ಲಿ ಈ ಒಂದು ವರುಷವನ್ನು ಬಿಟ್ಟು, ಐಟಿಐಯಿಂದ ನೇರವಾಗಿ ಕೂಲಿಯ ವಯರಿಂಗ್ ಕೆಲಸಕ್ಕೆ ಇಳಿಯಲು ಇದೇ ಕಾರಣ. ಅಪ್ರೆಂಟಿಸನನ್ನು ಅಗ್ಗದ ಕೂಲಿಯಂತೆ ದುಡಿಸಿಕೊಂಡು ಅಳತೆಯ ಯಂತ್ರವನ್ನು ಅವನ ಕೈಗೆ ಕೊಡದ ಸಂಸ್ಥೆಗಳೂ ಇಲ್ಲದಿಲ್ಲ. ಕರಾರಿಗೆ ರುಜು ಹಾಕುವ ಮೊದಲು, ಹಿಂದಿನ ವರುಷ ಅಲ್ಲಿ ಕಲಿತವರನ್ನು ಹುಡುಕಿ ಕೇಳುವುದು ಒಳ್ಳೆಯದು.

ವರುಷದ ಕೊನೆಗೆ ಪರೀಕ್ಷೆಯಿದೆ. ಗೆದ್ದವರಿಗೆ ರಾಷ್ಟ್ರೀಯ ಅಪ್ರೆಂಟಿಸ್ ಪ್ರಮಾಣಪತ್ರ ದೊರೆಯುತ್ತದೆ. ಇನ್ನೊಬ್ಬರ ಮನೆಯ ವಯರಿಂಗ್ ಮಾಡಲು ಇದರ ಜೊತೆಗೆ ರಾಜ್ಯದ ವಿದ್ಯುತ್ ಪರಿವೀಕ್ಷಣಾಲಯ ಕೊಡುವ ವೈರ್‌ಮನ್ ಪರವಾನಗಿಯೂ ಬೇಕು. ಪರವಾನಗಿ ಪಡೆದ ಗುತ್ತಿಗೆದಾರನ ಮೂಲಕ, ಅರ್ಹ ಮೇಲ್ವಿಚಾರಕನ ಕಣ್ಣೆದುರಿಗೆ ಮಾತ್ರ ಇಂಥ ಕೆಲಸ ನಡೆಯಬೇಕೆಂಬುದು 1956ರ ಭಾರತೀಯ ವಿದ್ಯುಚ್ಛಕ್ತಿ ನಿಯಮಗಳಲ್ಲಿಯೇ ಇತ್ತು. ಈಗಿನ ನಿಯಮಗಳಲ್ಲಿಯೂ ಇದೆ.

ಈ ಲೇಖನವನ್ನು ಓದಿದ ಎರೆಭೂಮಿಯ ವಿದ್ಯಾರ್ಥಿಗಳು ಮುಂದಿನ ಏಪ್ರಿಲಿನಲ್ಲಿ ತಮ್ಮ ಮನೆಯ ಹಿತ್ತಿಲಿನ ಭೂಸಂಪರ್ಕದ ಗುಂಡಿಯನ್ನು ಒಮ್ಮೆ ನೋಡಲಿ. ಕೊಳವೆಯನ್ನಾಗಲಿ ತಂತಿಯನ್ನಾಗಲಿ ಮುಟ್ಟಬಾರದು. ಮಣ್ಣು ಕೊಳವೆಯಿಂದ ಬಿಟ್ಟುಕೊಂಡಿದೆಯೇ ಎಂದು ದೂರದಿಂದ ನೋಡಿದರೆ ಸಾಕು. ಬಿಟ್ಟಿದ್ದರೆ ಪರವಾನಗಿಯುಳ್ಳವರನ್ನು ಕರೆಸಿ, ಗುಂಡಿಗೆ ನೀರು ಹಾಕುವ ಮೊದಲೊಮ್ಮೆ, ಹಾಕಿ ಒಂದು ದಿನವಾದ ಮೇಲೊಮ್ಮೆ ನಿರೋಧವನ್ನು ಅಳೆಯಲು ಹೇಳಿ, ಆ ಎರಡು ಅಂಕಿಗಳನ್ನು ಬರೆದಿಟ್ಟುಕೊಳ್ಳಿ.